ಇಸ್ರೇಲಿನ ಸಮೀಕ್ಷೆಗಳು: ನಾನು ಲೆಕ್ಕ ಇಡುವ ಬಗೆ

ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ಗೆ ಬರಲು ಒಂದು ಪಕ್ಷಕ್ಕೆ ಕನಿಷ್ಠ ಶೇ. 3.25 ಓಟು ಬೇಕು. 500 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 3.25 ಅಂದರೆ 16 ಜನ. ‘ಇನ್ನೂ ತೀರ್ಮಾನಿಸಿಲ್ಲ’ ಎನ್ನುವ ಐದರಲ್ಲೊಂದು ಪಾಲನ್ನು ಬಿಟ್ಟರೆ ಉಳಿಯುವ 400ರಲ್ಲಿ 13 ಜನ. ಈ 13ರಲ್ಲಿ ಒಬ್ಬರು ಬೇರೆ ಪಕ್ಷದ ಹೆಸರು ಹೇಳಿದರೆ ಸಾಕು, ಒಂದು ಪಕ್ಷದ 4 ಸ್ಥಾನ ಸೊನ್ನೆಯಾಗುತ್ತದೆ. 120 ಸ್ಥಾನದ ಕ್ನೆಸೆಟ್‌ನಲ್ಲಿ 61ರ ಬಹುಮತ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಇಸ್ರೇಲಿನ ಸಮೀಕ್ಷೆಗಳ ಕೋಷ್ಟಕ ಇಟ್ಟುಕೊಂಡು ಬರುವ ನನಗೆ ಇದೇ ಮೊದಲ ಪಾಠ. ಹಾಗಾಗಿ ಯಾವ ಸಮೀಕ್ಷೆ ಬಂದರೂ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ನೆತನ್ಯಾಹು ಅವರ ಲಿಕುಡ್‌ಗೆ ಒಂದು ಸ್ಥಾನ ಹೆಚ್ಚೋ ಕಡಿಮೆಯೋ ಎಂಬುದು ಆಮೇಲಿನ ಮಾತು.

ಕನಿಷ್ಠ ಮತದ ಈ ಗೆರೆ 1992ರವರೆಗೆ ಶೇ. 1 ಇತ್ತು. ಆಮೇಲೆ 1.5, 2003ರ ನಂತರ 2, 2014ರ ಮಾರ್ಚ್‌ನಿಂದ 3.25. ಗೆರೆ ಮುಟ್ಟದ ಪಕ್ಷದ ಓಟೆಲ್ಲ ಲೆಕ್ಕದಿಂದ ಹೊರಗೆ. 2019ರ ಏಪ್ರಿಲ್‌ನಲ್ಲಿ ನಫ್ತಾಲಿ ಬೆನೆಟ್ ಮತ್ತು ಅಯೆಲೆಟ್ ಶಕೆದ್ ಅವರ ‘ಹೊಸ ಬಲ’ ಪಕ್ಷ ಶೇ. 3.22ಕ್ಕೆ ನಿಂತಿತು, ಒಂದೂವರೆ ಸಾವಿರಕ್ಕೂ ಕಡಿಮೆ ಓಟಿನ ಕೊರತೆ. 2022ರ ನವೆಂಬರ್ 1ರಂದು ನೆತನ್ಯಾಹು ವಿರೋಧಿಗಳಾದ ಎಡಪಂಥದ ಮೆರೆಟ್ಸ್ ಶೇ. 3.16ಕ್ಕೆ, ಅರಬ್ ಪಕ್ಷ ಬಲದ್ ಶೇ. 2.91ಕ್ಕೆ ನಿಂತವು. ನೆತನ್ಯಾಹು ಅವರ ಕೂಟ 64 ಮುಟ್ಟಿತು. ಎರಡು ಕೂಟಗಳಿಗೆ ಬಿದ್ದ ಒಟ್ಟು ಓಟು ಮಾತ್ರ ಹೆಚ್ಚುಕಡಿಮೆ ಸರಿಸಮ.

ಕರ್ನಾಟಕದ ಲೆಕ್ಕಕ್ಕೆ ಒಗ್ಗಿದವರು ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ನಮ್ಮಲ್ಲಿ ಬಿಜೆಪಿಗೆ 2018ರಲ್ಲೂ 2023ರಲ್ಲೂ ಬಿದ್ದದ್ದು ಸುಮಾರು ಶೇ. 36 ಓಟು, ಸ್ಥಾನ ಒಮ್ಮೆ 104, ಇನ್ನೊಮ್ಮೆ 66. ಇಸ್ರೇಲಿನಲ್ಲಿ ದೇಶವೇ ಒಂದು ಕ್ಷೇತ್ರ, ಆದ್ದರಿಂದ ಓಟಿನ ಪಾಲು ನೇರವಾಗಿ ಸ್ಥಾನದ ಪಾಲಾಗುತ್ತದೆ. ಅಪಾಯವೆಲ್ಲ ಗೆರೆಯ ಹತ್ತಿರವೇ.

ಚುನಾವಣೆ ಕಾಲದಲ್ಲಿ ಸಮೀಕ್ಷೆಯನ್ನು ಮೊದಲು ಪ್ರಕಟಿಸುವವರು ಏನೇನು ಹೇಳಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ: ಮಾಡಿಸಿದವರು ಯಾರು, ಮಾಡಿದವರು ಯಾರು, ಯಾವ ದಿನ, ಯಾವ ಜನಸಮೂಹ, ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಉತ್ತರಿಸಿದರು, ದೋಷದ ಮಿತಿ ಎಷ್ಟು, ಕೇಳಿದ ಪ್ರಶ್ನೆ ಯಾವುದು. ನನ್ನ ಕೋಷ್ಟಕದ ಕಾಲಂಗಳೂ ಇವೇ. ಇನ್ನೆರಡನ್ನು ನಾನೇ ಸೇರಿಸಿದ್ದೇನೆ. ಅರಬ್ ನಾಗರಿಕರನ್ನು ಎಷ್ಟು ಜನರನ್ನು, ಯಾವ ಭಾಷೆಯಲ್ಲಿ ಕೇಳಿದರು ಎಂಬುದು ಒಂದು. ಇಂಟರ್ನೆಟ್ ಪ್ಯಾನೆಲ್ಲೋ (ಮೊದಲೇ ಹೆಸರು ನೋಂದಾಯಿಸಿಕೊಂಡವರ ಗುಂಪು) ಫೋನೋ ಎಂಬುದು ಇನ್ನೊಂದು. ದಿನಾಂಕವಾಗಿ ಬರೆದುಕೊಳ್ಳುವುದು ಪ್ರಶ್ನೆ ಕೇಳಿದ ದಿನವನ್ನು, ಪ್ರಕಟಿಸಿದ ದಿನವನ್ನಲ್ಲ. ಬುಧವಾರ ಕೇಳಿ ಶುಕ್ರವಾರ ಪ್ರಕಟಿಸಿದರೆ ಗುರುವಾರ ನಡೆದ ಘಟನೆಯ ಪರಿಣಾಮ ಅದರಲ್ಲಿ ಇರುವುದಿಲ್ಲ. ಆದರೆ ಟಿವಿಯಲ್ಲಿ ಅದನ್ನೇ ಆ ಘಟನೆಗೆ ಜನರ ಉತ್ತರ ಎಂದು ಓದುತ್ತಾರೆ.

500 ಜನರ ಮಾದರಿಗೆ ದೋಷದ ಮಿತಿ ಶೇ. 4.4 ಎಂದು ಹಾಕಿರುತ್ತಾರೆ. ಅದು ಅರ್ಧಕ್ಕರ್ಧ ಒಡೆದ ಉತ್ತರಕ್ಕೆ ಸರಿ. ಶೇ. 3.25ರಲ್ಲಿರುವ ಪಕ್ಷಕ್ಕೆ ಮಿತಿ ಸುಮಾರು 1.55, ಅಂದರೆ ಆ ಪಕ್ಷ 1.7ರಲ್ಲೂ ಕಾಣಬಹುದು, 4.8ರಲ್ಲೂ ಕಾಣಬಹುದು. ಒಳಗಿನ 100 ಅರಬ್ ಉತ್ತರದಾರರ ಮೇಲೆ ಅವರ ಪಕ್ಷಗಳನ್ನು ಬೇರೆಬೇರೆಯಾಗಿ ಅಳೆಯಲು ಹೋದರೆ ಮಿತಿ ಶೇ. 10ರ ಹತ್ತಿರ. ಅದರ ಮೇಲೆ ಮತದಾನದ ಪ್ರಮಾಣವೇ ಸ್ಥಿರವಿಲ್ಲ: ಅರಬ್ ಮತದಾರರಲ್ಲಿ 2021ರಲ್ಲಿ ಸುಮಾರು ಶೇ. 45, 2022ರಲ್ಲಿ ಸುಮಾರು ಶೇ. 53 ಓಟು ಹಾಕಿದರು. ಹದಶ್-ತಾಲ್, ರಾಅಮ್, ಬಲದ್ ಈ ಮೂರು ಅರಬ್ ಪಟ್ಟಿಗಳನ್ನೂ ನಾನು ಒಂದೊಂದು ಸಮೀಕ್ಷೆಯಿಂದ ಅಳೆಯುವುದನ್ನು ಬಿಟ್ಟಿದ್ದೇನೆ. ಕನಿಷ್ಠ ಆರು ಸಮೀಕ್ಷೆಗಳ ಅರಬ್ ಭಾಗವನ್ನು ಒಟ್ಟು ಮಾಡಿ, 600 ಜನರಾದ ಮೇಲಷ್ಟೇ ಸಂಖ್ಯೆ ಬರೆಯುತ್ತೇನೆ.

ಹರೇದಿ ಸಮುದಾಯ ಇನ್ನೊಂದು ತೊಡಕು. ಇವರು ಕಟ್ಟುನಿಟ್ಟಿನ ಧಾರ್ಮಿಕ ಯಹೂದಿಗಳು. ಹಲವರ ಮನೆಯಲ್ಲಿ ಇಂಟರ್ನೆಟ್ ಇಲ್ಲ, ಕೈಯಲ್ಲಿರುವುದು ರಬ್ಬಿಗಳು ಒಪ್ಪಿದ ‘ಕೋಷರ್’ ಫೋನ್. ಆನ್‌ಲೈನ್ ಪ್ಯಾನೆಲ್ಲಿಗೆ ಸಿಗುವ ಹರೇದಿ ಎಂದರೆ ಇಂಟರ್ನೆಟ್ ಬಳಸುವ ಹರೇದಿ, ಅವರ ಒಲವು ಉಳಿದವರಂತೆಯೇ ಇರಬೇಕೆಂದಿಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಶಬ್ಬಾತ್, ಧಾರ್ಮಿಕರು ಫೋನ್ ಮುಟ್ಟದ ವಿಶ್ರಾಂತಿ ದಿನ. ಆ ಹೊತ್ತಿನಲ್ಲಿ ತೆಗೆದ ಉತ್ತರಗಳಲ್ಲಿ ಧಾರ್ಮಿಕರು ಇರುವುದಿಲ್ಲ. ಇದನ್ನು ಸರಿಪಡಿಸಲು ಹಿಂದಿನ ಸಲ ಯಾರಿಗೆ ಓಟು ಹಾಕಿದಿರಿ ಎಂದು ಕೇಳಿ ತೂಕ ಕೊಡುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಸೋತ ಪಕ್ಷಕ್ಕೆ ಹಾಕಿದ್ದನ್ನು ಜನ ಮರೆಯುತ್ತಾರೆ. ಮರೆತವರು ಹೆಚ್ಚಾದಷ್ಟೂ ತೂಕವೇ ತಪ್ಪುತ್ತದೆ.

ಸ್ಥಾನ ಹಂಚುವ ವಿಧಾನವನ್ನು ಒಮ್ಮೆಯಾದರೂ ಕೈಯಲ್ಲೇ ಮಾಡಿ ನೋಡಬೇಕು. 1973ರ ಬಾದೆರ್-ಓಫೆರ್ ಕಾನೂನಿನ ಪ್ರಕಾರ ಗೆರೆ ದಾಟಿದ ಪಕ್ಷಗಳ ಓಟನ್ನೆಲ್ಲ ಕೂಡಿ 120ರಿಂದ ಭಾಗಿಸುವುದು ಮೊದಲ ಹೆಜ್ಜೆ. 2022ರಲ್ಲಿ ಹತ್ತು ಪಕ್ಷಗಳ ಮೊತ್ತ 43,47,342, ಒಂದು ಸ್ಥಾನದ ಬೆಲೆ ಸುಮಾರು 36,228 ಓಟು. ಪ್ರತಿ ಪಕ್ಷದ ಓಟನ್ನು ಇದರಿಂದ ಭಾಗಿಸಿದಾಗ ಬರುವ ಪೂರ್ಣಾಂಕದಷ್ಟು ಸ್ಥಾನ ಮೊದಲು ಸಿಗುತ್ತದೆ. ಉಳಿದ ಸ್ಥಾನಗಳಿಗೆ ಪ್ರತಿ ಪಕ್ಷದ ಓಟನ್ನು ‘ಸಿಕ್ಕ ಸ್ಥಾನ + 1’ರಿಂದ ಭಾಗಿಸಿ, ದೊಡ್ಡ ಭಾಗಲಬ್ಧ ಯಾರದೋ ಅವರಿಗೆ ಒಂದೊಂದಾಗಿ ಕೊಡುತ್ತಾರೆ. ಚುನಾವಣೆಗೆ ಮುನ್ನ ಎರಡೆರಡು ಪಕ್ಷ ಹೆಚ್ಚುವರಿ ಓಟಿನ ಒಪ್ಪಂದ ಮಾಡಿಕೊಂಡಿದ್ದರೆ ಈ ಹಂತದಲ್ಲಿ ಆ ಜೋಡಿಯನ್ನು ಒಂದೇ ಪಕ್ಷವೆಂದು ಎಣಿಸಬೇಕು. ಇಬ್ಬರೂ ಗೆರೆ ದಾಟಿರಬೇಕು ಎಂಬುದೊಂದೇ ಷರತ್ತು.

ಆ ಸಲ ಜೋಡಿಗಳನ್ನು ಲೆಕ್ಕಕ್ಕೆ ಹಿಡಿದು ಪೂರ್ಣಾಂಕ ಹಂಚಿದ ಮೇಲೆ 4 ಸ್ಥಾನ ಉಳಿದವು. ಹದಶ್-ತಾಲ್‌ನ ಭಾಗಲಬ್ಧ 35,747. ಇಸ್ರೇಲ್ ಬೈತೆನುದು 35,614. ಯೆಶ್ ಅತಿದ್ ಮತ್ತು ನ್ಯಾಷನಲ್ ಯೂನಿಟಿ ಜೋಡಿಯದು 35,553. ಲಿಕುಡ್ ಮತ್ತು ರಿಲಿಜಿಯಸ್ ಝಯೋನಿಸಂ ಜೋಡಿಯದು 35,474. ನಾಲ್ಕೂ ಅಲ್ಲಿಗೆ ಮುಗಿದವು. ಐದನೆಯವರಾಗಿ ಹೊರಗುಳಿದ ಶಾಸ್-ಯುನೈಟೆಡ್ ತೋರಾ ಜೋಡಿಯದು 35,429. ಲೇಬರ್‌ನದು 35,198. ಇದೇ ಓಟುಗಳನ್ನು ಜೋಡಿ ಇಲ್ಲದೆ ಹಂಚಿ ನೋಡಿದರೆ ಲಿಕುಡ್‌ಗೆ 32ರ ಬದಲು 31, ಲೇಬರ್‌ಗೆ 4ರ ಬದಲು 5 ಬರುತ್ತದೆ. ಸಮೀಕ್ಷೆಯ ಶೇಕಡಾವಾರನ್ನು ಬರೀ 120ರಿಂದ ಗುಣಿಸಿ ಸ್ಥಾನ ಬರೆಯುವವರಿಗೆ ಈ ಒಂದು ಸ್ಥಾನ ಯಾವತ್ತೂ ಕೈಗೆ ಸಿಗುವುದಿಲ್ಲ. ನಿಮ್ಮ ಹಾಳೆಯ ಸೂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು 2022ರ ಓಟು ಹಾಕಿ ನೋಡಿ: 32, 24, 14, 12, 11, 7, 6, 5, 5, 4 ಬರಬೇಕು.

ಸರಾಸರಿ ತೆಗೆಯುವಾಗ ನಾನು ಸ್ಥಾನಗಳ ಸರಾಸರಿ ತೆಗೆಯುವುದಿಲ್ಲ. 4 ಮತ್ತು 0ರ ಸರಾಸರಿ 2. ಆದರೆ ಕ್ನೆಸೆಟ್‌ನಲ್ಲಿ 2 ಸ್ಥಾನದ ಪಟ್ಟಿ ಈಗಿನ ಗೆರೆಯಲ್ಲಿ ಇರಲು ಸಾಧ್ಯವೇ ಇಲ್ಲ. ಸ್ಥಾನಗಳನ್ನು ಶೇಕಡಾವಾರಿಗೆ ತಿರುಗಿಸಿ, ಅದರ ಸರಾಸರಿ ತೆಗೆದು, ಮತ್ತೆ ಹಂಚುತ್ತೇನೆ. ಒಂದು ಸ್ಥಾನಕ್ಕೆ ಶೇ. 0.83 ಎಂದುಕೊಳ್ಳುವುದು ವಾಡಿಕೆ. ಗೆರೆ ಮುಟ್ಟದವರ ಓಟು ಶೇ. 8 ಇದ್ದರೆ ಅದು 0.77ಕ್ಕೆ ಇಳಿಯುತ್ತದೆ. ಪ್ರತಿ ಸಂಸ್ಥೆಯ ಇತ್ತೀಚಿನ ಒಂದು ಸಮೀಕ್ಷೆ ಮಾತ್ರ ಲೆಕ್ಕಕ್ಕೆ. 14 ದಿನ ಹಳೆಯದಾದರೆ ತೂಕ ಅರ್ಧ. ಚಾನೆಲ್ 14ಕ್ಕೆ ಬರುವ ಸಮೀಕ್ಷೆಗಳಲ್ಲಿ ನೆತನ್ಯಾಹು ಕೂಟಕ್ಕೆ ಚಾನೆಲ್ 12 ಅಥವಾ ಮಾರಿವ್ ಪತ್ರಿಕೆಯ ಸಮೀಕ್ಷೆಗಿಂತ ಹೆಚ್ಚು ಸ್ಥಾನ ಕಾಣುವುದು ಬಹಳ ದಿನಗಳ ಕ್ರಮ. ಯಾವುದನ್ನೂ ನಾನು ಕೈಬಿಡುವುದಿಲ್ಲ. ಉಳಿದವರ 30 ದಿನಗಳ ಸರಾಸರಿಯಿಂದ ಆ ಸಂಸ್ಥೆ ಎಷ್ಟು ದೂರ ಎಂದು ಪ್ರತ್ಯೇಕ ಕಾಲಂನಲ್ಲಿ ಬರೆಯುತ್ತೇನೆ. ಒಂದು ಸಂಸ್ಥೆಯ ಈ ವಾರದ ಸಂಖ್ಯೆಯನ್ನು ಅದೇ ಸಂಸ್ಥೆಯ ಹಿಂದಿನ ಸಂಖ್ಯೆಯ ಜೊತೆ ಮಾತ್ರ ಹೋಲಿಸಬೇಕು. ಮಂಗಳವಾರ ಒಂದು ಚಾನೆಲ್, ಗುರುವಾರ ಇನ್ನೊಂದು ಚಾನೆಲ್ ನೋಡಿ ‘ಎರಡೇ ದಿನದಲ್ಲಿ ಐದು ಸ್ಥಾನ ಕುಸಿತ’ ಎಂದು ಬರೆದ ಸುದ್ದಿಯಲ್ಲಿ ಕುಸಿದದ್ದು ಏನೂ ಇರುವುದಿಲ್ಲ.

ಗೆರೆಯ ಹತ್ತಿರದ ಪಕ್ಷಕ್ಕೆ ಸಾಧ್ಯತೆ ಲೆಕ್ಕ ಹಾಕುವುದು ಹೀಗೆ. ಸಮೀಕ್ಷೆಯಲ್ಲಿ ಶೇ. 3.6 ಎಂದಿರಲಿ. ಪ್ಯಾನೆಲ್, ತೂಕ, ಕೊನೆ ಗಳಿಗೆಯ ಬದಲಾವಣೆ ಎಲ್ಲ ಸೇರಿ ನಿಜವಾದ ದೋಷ ಪುಸ್ತಕದ ದೋಷಕ್ಕಿಂತ ದೊಡ್ಡದು, ಆದ್ದರಿಂದ 500 ಜನರ ಮಾದರಿಯನ್ನು 250 ಎಂದೇ ಹಿಡಿಯುತ್ತೇನೆ. ಆಗ ಪ್ರಮಾಣ ದೋಷ (ಮಾದರಿಯಿಂದ ಮಾದರಿಗೆ ಸಂಖ್ಯೆ ಸಾಮಾನ್ಯವಾಗಿ ಓಡಾಡುವ ಅಳತೆ) ಸುಮಾರು 1.18. ಗೆರೆಗಿಂತ 0.35 ಮೇಲಿದ್ದರೂ ದಾಟುವ ಸಾಧ್ಯತೆ ಹತ್ತಕ್ಕೆ ಆರು, ಅಷ್ಟೇ. ಪತ್ರಿಕೆಯಲ್ಲಿ ಅದೇ ಪಕ್ಷದ ಮುಂದೆ ‘4’ ಎಂದು ಖಚಿತವಾಗಿ ಅಚ್ಚಾಗಿರುತ್ತದೆ. ಇನ್ನೂ ಹುಟ್ಟದ ಪಕ್ಷವನ್ನು ಸೇರಿಸಿ ಕೇಳಿದ ಸಮೀಕ್ಷೆ (2025ರ ಆರಂಭದಲ್ಲಿ ಬೆನೆಟ್ ಹೆಸರಿನಲ್ಲಿ ಬಂದಂಥವು) ಬೇರೆ ಹಾಳೆಗೆ ಹೋಗಬೇಕು. ಪಟ್ಟಿ, ಒಪ್ಪಂದ, ಅಭ್ಯರ್ಥಿ ಯಾವುದೂ ಇಲ್ಲದ ಹೆಸರಿಗೆ ಯಾರ ವಿರೋಧವೂ ಇನ್ನೂ ಹುಟ್ಟಿರುವುದಿಲ್ಲ.

ಮತದಾನಕ್ಕೆ ಮುಂಚಿನ ಶುಕ್ರವಾರದ ನಂತರ ಹೊಸ ಸಮೀಕ್ಷೆ ಪ್ರಕಟಿಸುವಂತಿಲ್ಲ. ಮತ್ತೆ ಸಂಖ್ಯೆ ಬರುವುದು ಮತದಾನ ಮುಗಿಯುವ ರಾತ್ರಿ 10ಕ್ಕೆ, ಮತಗಟ್ಟೆ ಸಮೀಕ್ಷೆಯಾಗಿ. ಆಯ್ದ ಮತಗಟ್ಟೆಗಳ ಹೊರಗೆ ಇನ್ನೊಂದು ಪೆಟ್ಟಿಗೆ ಇಟ್ಟು, ಓಟು ಹಾಕಿ ಬಂದವರಿಂದ ಮತ್ತೊಮ್ಮೆ ಚೀಟಿ ಹಾಕಿಸುತ್ತಾರೆ. 1996ರಲ್ಲಿ ಆಗಿನ ಪ್ರಧಾನಿ ಶಿಮೋನ್ ಪೆರೆಸ್ ಮುಂದೆ ಎಂದು ಕೇಳಿ ಮಲಗಿದ ದೇಶ ಎದ್ದಾಗ ನೆತನ್ಯಾಹು ಗೆದ್ದಿದ್ದರು, ಅಂತರ 30 ಸಾವಿರಕ್ಕೂ ಕಡಿಮೆ. 2015ರಲ್ಲಿ ಲಿಕುಡ್ ಮತ್ತು ಝಯೋನಿಸ್ಟ್ ಯೂನಿಯನ್ ಸಮಬಲ ಎಂದು ಕಂಡದ್ದು ಕೊನೆಗೆ 30–24 ಆಯಿತು. ಪೆಟ್ಟಿಗೆಗೆ ಚೀಟಿ ಹಾಕಲು ಒಪ್ಪದವರು, ಎಣಿಕೆಗೆ ಪೆಟ್ಟಿಗೆ ಎತ್ತಿದ ಮೇಲೆ ಓಟಿಗೆ ಬಂದವರು, ಆಮೇಲೆ ಎಣಿಸುವ ಸೈನಿಕರ ಎರಡು ಲಕೋಟೆಯ ಓಟು, ಈ ಮೂರನ್ನು ರಾತ್ರಿ 10ರ ಸಂಖ್ಯೆಯ ಪಕ್ಕ ಬರೆದಿಟ್ಟುಕೊಳ್ಳುತ್ತೇನೆ.

ಶಾಂತಿ ಪ್ರಸ್ತಾಪಗಳ ಸಮೀಕ್ಷೆ ಬೇರೆಯದೇ ಕೆಲಸ. ಪಕ್ಷದ ಪ್ರಶ್ನೆಗೆ ಒಂದು ದಿನ ಮತಪೆಟ್ಟಿಗೆ ಉತ್ತರ ಕೊಡುತ್ತದೆ, ಇದಕ್ಕೆ ಅಂಥ ದಿನ ಬರುವುದಿಲ್ಲ. ಆದ್ದರಿಂದ ಪ್ರಶ್ನೆಯ ಮಾತೇ ಇಲ್ಲಿ ಅಳತೆಗೋಲು. ಪ್ರತಿ ಪ್ರಶ್ನೆಯ ಹೀಬ್ರೂ ಪಾಠ, ಅರಬ್ಬಿ ಪಾಠ, ಅದರ ಹಿಂದಿನ ಎರಡು ಪ್ರಶ್ನೆ, ಉತ್ತರದ ಆಯ್ಕೆಗಳು ಎಲ್ಲವನ್ನೂ ಪೂರ್ತಿ ಬರೆದಿಡುತ್ತೇನೆ. ಅದೇ ಭೂಮಿಯನ್ನು ‘ಪಶ್ಚಿಮ ದಂಡೆ’ ಎನ್ನುವುದಕ್ಕೂ ಬೈಬಲಿನ ಹೆಸರಾದ ‘ಯೆಹುದಾ ಮತ್ತು ಶೋಮ್ರೋನ್’ ಎನ್ನುವುದಕ್ಕೂ ಬರುವ ಉತ್ತರ ಒಂದೇ ಅಲ್ಲ. ‘ಬೆಂಬಲಿಸುತ್ತೀರಾ’ ಎಂಬುದಕ್ಕೂ ‘ಜನಮತಗಣನೆ ನಡೆದರೆ ಪರ ಓಟು ಹಾಕುತ್ತೀರಾ’ ಎಂಬುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಬರೀ ಕಲ್ಪನೆಯಲ್ಲ: ಗೆರೆ 3.25ಕ್ಕೆ ಏರಿದ ಅದೇ ವಾರ, 2014ರ ಮಾರ್ಚ್‌ನಲ್ಲಿ, ಜನಮತಗಣನೆಯ ಮೂಲ ಕಾನೂನು ಬಂತು. ಪೂರ್ವ ಜೆರುಸಲೇಮ್ ಅಥವಾ ಗೋಲಾನ್ ಬಿಟ್ಟುಕೊಡುವ ಒಪ್ಪಂದಕ್ಕೆ 80 ಸದಸ್ಯರ ಒಪ್ಪಿಗೆ ಇಲ್ಲದಿದ್ದರೆ ಜನರ ಮುಂದೆ ಹೋಗಲೇಬೇಕು. ‘ಆಗುತ್ತದೆ ಎಂದು ನಂಬುತ್ತೀರಾ’ ಎಂಬುದು ಮೂರನೆಯ ಪ್ರಶ್ನೆ. ಬೇಕು ಎನ್ನುವವರಲ್ಲೇ ಎಷ್ಟೋ ಜನ ಆಗುವುದಿಲ್ಲ ಎನ್ನುತ್ತಾರೆ. ಎರಡು ಪ್ರಶ್ನೆಯನ್ನು ಒಂದೇ ರೇಖಾಚಿತ್ರದಲ್ಲಿ ಎಳೆದರೆ ನಿರಾಶೆ ವಿರೋಧದಂತೆ ಕಾಣುತ್ತದೆ.

ಸರಣಿಯಾಗಿ ಹೋಲಿಸಲು ಹಳೆಯ ದಾಖಲೆ ಬೇಕು. ಟೆಲ್ ಅವಿವ್ ವಿಶ್ವವಿದ್ಯಾಲಯದಲ್ಲಿ ಎಫ್ರಾಯಿಂ ಯಾರ್ ಮತ್ತು ತಮಾರ್ ಹರ್ಮನ್ 1994ರಲ್ಲಿ ಶುರು ಮಾಡಿದ ಶಾಂತಿ ಸೂಚ್ಯಂಕ ಒಂದು. ಖಲೀಲ್ ಶಿಕಾಕಿ ಅವರ ರಮಲ್ಲಾದ ಕೇಂದ್ರ ಇಸ್ರೇಲಿ ವಿಶ್ವವಿದ್ಯಾಲಯಗಳ ಜೊತೆ 2000ದಿಂದ ಮಾಡುತ್ತ ಬಂದ ಜಂಟಿ ಸಮೀಕ್ಷೆ ಇನ್ನೊಂದು. ಈ ಕೇಂದ್ರದವರು ಪ್ಯಾಲೆಸ್ತೀನಿಯರನ್ನು ಮನೆಗೇ ಹೋಗಿ ಕೇಳುತ್ತಾರೆ, ಸಾಮಾನ್ಯವಾಗಿ 127 ಜಾಗಗಳಲ್ಲಿ ಸುಮಾರು 1,270 ವಯಸ್ಕರು. ಜಂಟಿ ಸಮೀಕ್ಷೆಯ ಬೆಲೆ ಇರುವುದು ಪ್ಯಾಕೇಜಿನಲ್ಲಿ: ಸೈನ್ಯವಿಲ್ಲದ ಪ್ಯಾಲೆಸ್ತೀನ್ ರಾಷ್ಟ್ರ, ಭೂವಿನಿಮಯದೊಂದಿಗೆ 1967ರ ಗಡಿ, ಕುಟುಂಬ ಕೂಡಿಸುವ ಲೆಕ್ಕದಲ್ಲಿ 1,00,000 ನಿರಾಶ್ರಿತರು ಇಸ್ರೇಲಿಗೆ, ಎರಡು ರಾಜಧಾನಿಯ ಜೆರುಸಲೇಮ್, ಹಳೆ ನಗರದ ಹಂಚಿಕೆ, ಸಂಘರ್ಷದ ಕೊನೆ. ಒಂದೊಂದನ್ನೂ ಬಿಡಿಯಾಗಿ ಕೇಳಿ, ಕೊನೆಗೆ ಇಡೀ ಗಂಟನ್ನು ಒಪ್ಪುತ್ತೀರಾ ಎಂದು ಕೇಳುತ್ತಾರೆ.

ಬಿಡಿ ಉತ್ತರಗಳನ್ನು ಜೋಡಿಸಲು ಜೆರುಸಲೇಮಿನಲ್ಲೇ ಕೆಲಸ ಮಾಡಿದ ಲೂಯಿಸ್ ಗುಟ್‌ಮನ್ ಅವರ ಅಳತೆಪಟ್ಟಿಯನ್ನು ಬಳಸುತ್ತೇನೆ. ಅಂಶಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದರೆ, ಕಷ್ಟದ್ದನ್ನು ಒಪ್ಪಿದವರು ಅದಕ್ಕಿಂತ ಸುಲಭದ್ದನ್ನೆಲ್ಲ ಒಪ್ಪಿರಬೇಕು. ಈ ಕ್ರಮಕ್ಕೆ ಹೊಂದದ ಉತ್ತರವೆಲ್ಲ ಒಂದೊಂದು ತಪ್ಪು. 600 ಜನ, 6 ಅಂಶ ಎಂದರೆ 3,600 ಉತ್ತರ. ತಪ್ಪು 360ರ ಒಳಗಿದ್ದರೆ ಅಳತೆಪಟ್ಟಿ ನಿಲ್ಲುತ್ತದೆ. ಮೀರಿದರೆ ಜನರ ಮನಸ್ಸಿನಲ್ಲಿ ‘ಎಷ್ಟು ಬಿಟ್ಟುಕೊಡಬಹುದು’ ಎಂಬ ಒಂದೇ ಗೆರೆ ಇಲ್ಲ ಎಂದರ್ಥ. ಕೆಲವರಿಗೆ ಜೆರುಸಲೇಮ್ ಮಾತ್ರ ಮುಖ್ಯ, ಕೆಲವರಿಗೆ ನಿರಾಶ್ರಿತರು ಮಾತ್ರ. ಆಗ ಅವರನ್ನು ಎರಡು ಗುಂಪು ಮಾಡಿ ಬೇರೆಬೇರೆ ಬರೆಯಬೇಕು.

ನಾಯಕರ ಹೆಸರು ಅಂಟಿದ ಪ್ರಶ್ನೆಯನ್ನು ಈ ಹಾಳೆಗೆ ತರುವುದಿಲ್ಲ. 2025ರ ಸೆಪ್ಟೆಂಬರ್ 29ರ ಟ್ರಂಪ್ ಅವರ 20 ಅಂಶದ ಗಾಜಾ ಯೋಜನೆಯಲ್ಲಿ 72 ಗಂಟೆಯೊಳಗೆ ಒತ್ತೆಯಾಳುಗಳ ಬಿಡುಗಡೆಯೂ ಇದೆ, ಹಮಾಸ್ ಶಸ್ತ್ರ ಕೆಳಗಿಡುವುದೂ ಇದೆ, ಸೈನ್ಯ ಹಿಂದೆ ಸರಿಯುವುದೂ ಇದೆ, ಮುಂದೆ ಪ್ಯಾಲೆಸ್ತೀನ್ ರಾಷ್ಟ್ರದ ದಾರಿಯ ಮಾತೂ ಇದೆ. ‘ಯೋಜನೆಯನ್ನು ಒಪ್ಪುತ್ತೀರಾ’ ಎಂಬ ಒಂದೇ ಪ್ರಶ್ನೆಗೆ ಹೌದು ಎಂದವರು ಒತ್ತೆಯಾಳುಗಳು ಮನೆಗೆ ಬರಲಿ ಎಂದು ಹೇಳಿದರೋ, ಪ್ಯಾಲೆಸ್ತೀನ್ ರಾಷ್ಟ್ರದ ಮಾತಿರುವ 19ನೇ ಅಂಶಕ್ಕೆ ಹೇಳಿದರೋ ತಿಳಿಯುವುದಿಲ್ಲ.

ಕೊನೆಗೆ ಕೂಡಿಸುವ ಲೆಕ್ಕ. ಇಸ್ರೇಲ್ ಡೆಮಾಕ್ರಸಿ ಇನ್‌ಸ್ಟಿಟ್ಯೂಟ್‌ನ ಮಾಸಿಕ ಸಮೀಕ್ಷೆಯಂಥವುಗಳಲ್ಲಿ ಸುಮಾರು 600 ಯಹೂದಿಗಳನ್ನು ಹೀಬ್ರೂವಿನಲ್ಲಿ, 150 ಅರಬರನ್ನು ಅರಬ್ಬಿಯಲ್ಲಿ ಕೇಳುತ್ತಾರೆ. ಒಂದು ಪ್ರಸ್ತಾಪಕ್ಕೆ ಯಹೂದಿಗಳಲ್ಲಿ ಶೇ. 40, ಅರಬರಲ್ಲಿ ಶೇ. 80 ಬೆಂಬಲ ಬಂತು ಎಂದುಕೊಳ್ಳಿ. ಹಾಗೇ ಕೂಡಿಸಿದರೆ 48. ಮತದಾರರಲ್ಲಿ ಅರಬರ ಪಾಲು ಸುಮಾರು ಶೇ. 17 ಎಂದು ತೂಕ ಕೊಟ್ಟರೆ 46.8. ‘ಇಸ್ರೇಲಿಗಳಲ್ಲಿ ಶೇ. 47’ ಎಂದೂ ‘ಶೇ. 40’ ಎಂದೂ ಎರಡು ತಲೆಬರಹ ಒಂದೇ ಸಮೀಕ್ಷೆಯಿಂದ ಹೊರಡುತ್ತವೆ. ನನ್ನ ಕೋಷ್ಟಕದಲ್ಲಿ ಯಹೂದಿ, ಅರಬ್, ಒಟ್ಟು ಎಂದು ಮೂರು ಕಾಲಂ ಇವೆ. ಮೂರರಲ್ಲಿ ಒಂದು ಸಿಗದಿದ್ದರೂ ಆ ಸಾಲನ್ನು ಸರಾಸರಿಗೆ ಸೇರಿಸುವುದಿಲ್ಲ.