ಕಪ್ಪು ಕಲ್ಲು, ಕಾಣೆಯಾದ ಮಾಲಿಬ್ಡಿನಮ್

ಕಲ್ಲು ಕಪ್ಪಗಿದೆ ಅಂದಮಾತ್ರಕ್ಕೆ ಅದು ಆಮ್ಲಜನಕವಿಲ್ಲದ ಕಡಲಿನ ತಳದಲ್ಲಿ ಹುಟ್ಟಿತೆಂದು ಹೇಳಲು ಬರುವುದಿಲ್ಲ. ಪಾಚಿ ಹುಲುಸಾಗಿ ಬೆಳೆದು, ಸತ್ತು, ಬೇಗ ಹೂತುಹೋದರೂ ಕೆಸರು ಕಪ್ಪಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯಲ್ಲಿ ವಿಟ್ಬಿ ಊರಿನ ಸುತ್ತಮುತ್ತಲ ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಪದರಗಳನ್ನು ಸಂಶೋಧನೆಗೆ ಆರಿಸಿಕೊಂಡಾಗ ನನ್ನ ಮುಂದಿದ್ದ ಕೆಲಸ ಇದೇ: ಬಣ್ಣವನ್ನು ಬದಿಗಿಟ್ಟು, ಆ ಕೆಸರಿನ ಮೇಲೆ ನಿಂತಿದ್ದ ನೀರು ಹೇಗಿತ್ತೆಂದು ರಸಾಯನದಿಂದ ತೋರಿಸುವುದು.

ಕಾಲ, ಸುಮಾರು 18.3 ಕೋಟಿ ವರ್ಷಗಳ ಹಿಂದಿನ ಜುರಾಸಿಕ್. ಇಂದಿನ ದಕ್ಷಿಣ ಆಫ್ರಿಕಾ ಮತ್ತು ಅಂಟಾರ್ಕ್ಟಿಕಾ ಇರುವ ಕಡೆ ಭೂವಿಜ್ಞಾನಿಗಳು ಕರೂ-ಫೆರಾರ್ ಎಂದು ಕರೆಯುವ ಲಾವಾ ಉಕ್ಕಿ ಹರಿಯಿತು, ಗಾಳಿಗೆ ಇಂಗಾಲ ಸೇರಿತು, ಭೂಮಿ ಬಿಸಿಯಾಯಿತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಜೊತೆಗೆ ನದಿಗಳು ಹೊತ್ತುತಂದ ಪೋಷಕಾಂಶದಿಂದ ಪಾಚಿ ಹೆಚ್ಚಿ, ಅದು ಕೊಳೆಯುವಾಗ ಇದ್ದಬದ್ದ ಆಮ್ಲಜನಕವೂ ಖರ್ಚಾಯಿತು. ಜುರಾಸಿಕ್‌ನ ತೊರ್ಸಿಯನ್ ಎಂಬ ಘಟ್ಟದ ಈ ಘಟನೆಯನ್ನು 1988ರಲ್ಲಿ ವಿವರವಾಗಿ ಮುಂದಿಟ್ಟವರು ಭೂವಿಜ್ಞಾನಿ ಹ್ಯೂ ಜೆಂಕಿನ್ಸ್.

ಮಾದರಿ ತೆಗೆಯುವುದು ಉಬ್ಬರವಿಳಿತದ ಪಟ್ಟಿ ಹೇಳಿದ ಹೊತ್ತಿನಲ್ಲಿ. ಇದು ಸಂರಕ್ಷಿತ ಕರಾವಳಿ, ಅನುಮತಿ ಪತ್ರ ಜೇಬಿನಲ್ಲಿರಬೇಕು. ಬಂಡೆಯ ಬುಡದಲ್ಲಿ ನಿಲ್ಲಬಾರದು, ಮೇಲಿನಿಂದ ಕಲ್ಲು ಉದುರುತ್ತಲೇ ಇರುತ್ತದೆ. ನಾನು ಹೆಚ್ಚಾಗಿ ತೆಗೆದದ್ದು ಅಲೆ ತೊಳೆದು ಸವೆಸಿದ ಹಾಸುಕಲ್ಲಿನಿಂದ. ಅಲ್ಲಿ ಕಲ್ಲು ತಾಜಾ. ಬಂಡೆಯ ಗೋಡೆಯಲ್ಲಿ ಹಳದಿ ಪುಡಿಯೋ ಜಿಪ್ಸಮ್ ಸೂಜಿಗಳೋ ಕಂಡರೆ ಆ ಜಾಗ ಬಿಟ್ಟುಬಿಡುತ್ತೇನೆ. ಗಾಳಿ-ಮಳೆಗೆ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಕರಗಿಹೋಗಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಎತ್ತರದ ಲೆಕ್ಕಕ್ಕೆ ಕ್ಯಾನನ್ ಬಾಲ್ ಡಾಗರ್ಸ್, ವೇಲ್ ಸ್ಟೋನ್ಸ್ ಎಂದು ಹೆಸರಿಟ್ಟಿರುವ ಗಟ್ಟಿ ಉಂಡೆಗಲ್ಲಿನ ಸಾಲುಗಳಿವೆ, ವಯಸ್ಸಿಗೆ ಅಮೊನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆಗಳಿವೆ. ವಿಕ್ಟೋರಿಯಾ ರಾಣಿ ಗಂಡ ಸತ್ತ ಮೇಲೆ ಶೋಕದ ಒಡವೆಯಾಗಿ ಧರಿಸಿದ ಜೆಟ್ ಎಂಬ ಕಪ್ಪು ಹರಳು ಬರುವುದೂ ಇದೇ ಪದರಗಳಿಂದ. ಅದು ಅರೌಕೇರಿಯಾ ಕುಟುಂಬದ ಮರದ ದಿಮ್ಮಿ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಹೂತು ಹಾಗೆ ಉಳಿದುಕೊಂಡದ್ದು.

ಪ್ರಯೋಗಾಲಯಕ್ಕೆ ಬಂದಮೇಲೆ ಹೊರಪದರ ಕತ್ತರಿಸಿ ತೆಗೆದು, ಒಳಗಿನದನ್ನು ಅಗೇಟ್ ಪಾತ್ರೆಯಲ್ಲಿ ಪುಡಿ ಮಾಡುತ್ತೇನೆ. ಉಕ್ಕಿನ ಗಿರಣಿ ಕೂಡದು. ಅಳೆಯಬೇಕಾದ ಕಬ್ಬಿಣ, ಮಾಲಿಬ್ಡಿನಮ್ ಎಂಬ ಲೋಹ ಅಲ್ಲಿಂದಲೇ ಸೇರಿಕೊಂಡರೆ ಮುಂದಿನ ಶ್ರಮವೆಲ್ಲ ನೀರುಪಾಲು.

ಮೊದಲ ಪ್ರಶ್ನೆ ಸ್ಥಳೀಯವಾದದ್ದು, ಅದಕ್ಕೆ ಕಬ್ಬಿಣ ಉತ್ತರಿಸುತ್ತದೆ. ಬೇರೆಬೇರೆ ದ್ರಾವಕಗಳಿಂದ ಕಾರ್ಬೊನೇಟ್, ಆಕ್ಸೈಡ್, ಮ್ಯಾಗ್ನಟೈಟ್ ರೂಪದ ಕಬ್ಬಿಣವನ್ನು ಒಂದಾದಮೇಲೊಂದು ಹೊರತೆಗೆಯುತ್ತೇವೆ. ಪೈರೈಟಿಗೆ ದಾರಿ ಬೇರೆ. ಕ್ರೋಮಸ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಹೊರಬರುವ ಹೈಡ್ರೋಜನ್ ಸಲ್ಫೈಡನ್ನು ಸಿಲ್ವರ್ ನೈಟ್ರೇಟಿನಲ್ಲಿ ಹಿಡಿದು, ಕಪ್ಪಾಗಿ ತಳಕ್ಕಿಳಿದ ಸಿಲ್ವರ್ ಸಲ್ಫೈಡನ್ನು ಸೋಸಿ ತೂಗಬೇಕು. ಈ ನಾಲ್ಕರ ಮೊತ್ತ ಕಲ್ಲಿನ ಒಟ್ಟು ಕಬ್ಬಿಣದ 0.38 ಪಾಲು ದಾಟಿದರೆ ಮೇಲಿದ್ದ ನೀರಿನಲ್ಲಿ ಆಮ್ಲಜನಕವಿರಲಿಲ್ಲ. ಆ ಮೊತ್ತದಲ್ಲಿ ಪೈರೈಟಿನ ಪಾಲೇ 0.7–0.8ಕ್ಕಿಂತ ಹೆಚ್ಚಿದ್ದರೆ ನೀರಿನಲ್ಲೇ ಹೈಡ್ರೋಜನ್ ಸಲ್ಫೈಡ್ ತುಂಬಿತ್ತು. ಈ ಗಡಿಗಳನ್ನು ಗೀಟು ಎಳೆದಂತೆ ನಂಬುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಹಾಗಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೈರೈಟಿನ ಗುಂಡುಗೊಂಚಲುಗಳನ್ನೂ ಅಳೆಯುತ್ತೇನೆ. ನೀರಿನಲ್ಲೇ ಹುಟ್ಟಿ ಕೆಳಗೆ ಬಿದ್ದವು ಸರಾಸರಿ 5 ಮೈಕ್ರೋಮೀಟರ್ ಆಸುಪಾಸಿನವು, ಕೆಸರಿನೊಳಗೆ ಬೆಳೆದವು ದೊಡ್ಡವು, ಗಾತ್ರವೂ ಏರುಪೇರು. ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ.

ಕುತೂಹಲ ಇರುವುದು ಮಾಲಿಬ್ಡಿನಮ್‌ನಲ್ಲಿ. ಆಮ್ಲಜನಕವಿರುವ ಕಡಲಿನಲ್ಲಿ ಅದು ಕರಗಿಕೊಂಡು ಸುಮ್ಮನೆ ತೇಲುತ್ತಿರುತ್ತದೆ, ಸಲ್ಫೈಡ್ ಸಿಕ್ಕಿದೊಡನೆ ಕೆಸರಿಗೆ ಅಂಟಿಕೊಳ್ಳುತ್ತದೆ. ಭೂಚಿಪ್ಪಿನ ಸಾಮಾನ್ಯ ಕಲ್ಲಿನಲ್ಲಿ 1–2 ಪಿಪಿಎಂ (ಹತ್ತು ಲಕ್ಷಕ್ಕೆ ಒಂದೆರಡು ಪಾಲು) ಇರುವುದು ಸಲ್ಫೈಡ್ ತುಂಬಿದ ತಳದಲ್ಲಿ 100 ದಾಟಬಹುದು. ಹಾಗಾದರೆ ಯಾರ್ಕ್‌ಶೈರಿನ ಅತಿ ಕಪ್ಪು ಪದರದಲ್ಲಿ, ಕಬ್ಬಿಣ ಮತ್ತು ಇಂಗಾಲ ಎರಡೂ ಉಸಿರುಗಟ್ಟಿದ ನೀರನ್ನು ತೋರಿಸುವಲ್ಲಿ, ಅದು ಗರಿಷ್ಠ ಇರಬೇಕು. ಇರುವುದು ತೀರ ಕಡಿಮೆ. ಪ್ರತಿ ಶೇಕಡಾ ಒಂದು ಇಂಗಾಲಕ್ಕೆ ಮಾಲಿಬ್ಡಿನಮ್ ಎಷ್ಟು ಪಿಪಿಎಂ ಎಂದು ಭಾಗಿಸಿ ನೋಡಿದರೆ ಇಂದಿನ ಕಪ್ಪು ಸಮುದ್ರದ ಕೆಸರಿನ 4.5ಕ್ಕಿಂತಲೂ ಬಹಳ ಕೆಳಗೆ.

ಅಂಟಿಕೊಳ್ಳಲು ಸಲ್ಫೈಡಿಗೆ ಬರವಿರಲಿಲ್ಲ, ನೀರಿನಲ್ಲಿ ಮಾಲಿಬ್ಡಿನಮ್ಮೇ ಮುಗಿದಿತ್ತು. ಯಾಕೆ ಮುಗಿಯಿತು ಎಂಬಲ್ಲಿ ಜಗಳ. ಕಾಲುವೆ ಕಟ್ಟಿಹೋದ ಕೆರೆಯಂತೆ ಆ ಜಲಾನಯನಕ್ಕೆ ಹೊರಗಿನ ಸಾಗರದ ನೀರು ಬರುವುದು ಕಡಿಮೆಯಾಯಿತು ಎನ್ನುವುದು ಒಂದು ವಾದ. ಜಗತ್ತಿನಾದ್ಯಂತ ಸಲ್ಫೈಡ್ ಕೆಸರು ಹಬ್ಬಿ ಇಡೀ ಸಾಗರದ ದಾಸ್ತಾನೇ ಕುಗ್ಗಿತು ಎನ್ನುವುದು ಇನ್ನೊಂದು. ಒಂದೇ ಊರಿನ ಕಲ್ಲು ಹಿಡಿದುಕೊಂಡು ಇದನ್ನು ಬಿಡಿಸಲಾಗದು. ನಮ್ಮ ಪಶ್ಚಿಮ ಕರಾವಳಿಯನ್ನೇ ನೋಡಿ: ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ದಡಕ್ಕೆ ಹತ್ತಿರದ ತಳದ ನೀರಿನಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಳ್ಳುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಅಷ್ಟಕ್ಕೆ ಹಿಂದೂ ಮಹಾಸಾಗರವೆಲ್ಲ ಹಾಗಿದೆ ಎನ್ನುವಂತಿಲ್ಲ.

ಜಾಗತಿಕ ಉತ್ತರಕ್ಕೆ ಐಸೊಟೋಪ್, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ರೂಪಗಳು, ಬೇಕು. ಮ್ಯಾಂಗನೀಸ್ ಆಕ್ಸೈಡ್‌ಗಳು ಹಗುರ ಮಾಲಿಬ್ಡಿನಮನ್ನು ಹೀರಿಕೊಳ್ಳುವುದರಿಂದ ಇಂದಿನ ಸಮುದ್ರದ ನೀರಿನಲ್ಲಿ ಉಳಿದ ಮಾಲಿಬ್ಡಿನಮ್ ಭಾರವಾಗಿದೆ, ಗೊತ್ತುಪಡಿಸಿದ ಮಾನಕಕ್ಕಿಂತ ಸಾವಿರಕ್ಕೆ 2.3ರಷ್ಟು. ಆಮ್ಲಜನಕ ಕುಗ್ಗಿದರೆ ಆ ಆಕ್ಸೈಡ್ ಕುಗ್ಗುತ್ತದೆ, ನೀರಿನ ಅಂಕಿ ಕೆಳಗಿಳಿಯುತ್ತದೆ. ಈ ಅಳತೆಗೆ ಪುಡಿಯನ್ನು ಹೈಡ್ರೋಫ್ಲೋರಿಕ್ ಆಮ್ಲ ಸೇರಿದ ಮಿಶ್ರಣದಲ್ಲಿ ಕರಗಿಸಬೇಕು. ಕ್ಯಾಲ್ಸಿಯಂ ಗ್ಲೂಕೊನೇಟ್ ಮುಲಾಮು ಕೈಗೆಟುಕುವಲ್ಲಿಲ್ಲದೆ ನಾನು ಆ ಬಾಟಲಿ ಮುಟ್ಟುವುದಿಲ್ಲ. ಆಮೇಲೆ ಗೊತ್ತಿರುವ ಪ್ರಮಾಣದಲ್ಲಿ ಮಾಲಿಬ್ಡಿನಮ್‌ನ 97 ಮತ್ತು 100ರ ಐಸೊಟೋಪ್ ಬೆರೆಸಿ, ರಾಳದ ಕಂಬದ ಮೂಲಕ ಇಳಿಸಿ, ಶುದ್ಧವಾದದ್ದನ್ನು ಐಸೊಟೋಪ್‌ಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುವುದು. ಪ್ರತಿ ಸರದಿಯಲ್ಲೂ ಅಂಕಿ ಮೊದಲೇ ಗೊತ್ತಿರುವ ಅಮೆರಿಕದ ಎಸ್‌ಡಿಓ-1 ಶೇಲ್ ಪುಡಿಯನ್ನು ಜೊತೆಗೇ ಓಡಿಸುತ್ತೇನೆ. ಅದರ ಅಂಕಿ ತಪ್ಪಿದ ದಿನ ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

ನನ್ನ ಮಟ್ಟಿಗೆ ಎರಡು ವಾದಗಳೂ ಅರ್ಧರ್ಧ ಸರಿ: ಜಲಾನಯನ ಕಟ್ಟಿಕೊಂಡಿತ್ತು, ಹೊರಗಿನ ಸಾಗರವೂ ಬಡವಾಗಿತ್ತು. ಆದರೆ ತೆರೆದ ಸಾಗರದ ಕಡೆಗಿದ್ದ ಕೆನಡಾದ ಆಲ್ಬರ್ಟಾ ಶಿಲೆಗಳಲ್ಲಿನ ಥ್ಯಾಲಿಯಂ ಎಂಬ ಲೋಹದ ಐಸೊಟೋಪ್‌ಗಳು ಹೊಸ ತೊಡಕು ತಂದಿಟ್ಟಿವೆ. ಆಮ್ಲಜನಕದ ಇಳಿಕೆ, ಗಾಳಿಗೆ ಇಂಗಾಲ ಸೇರಿದ್ದರ ಗುರುತಾಗಿ ಇಂಗಾಲದ ಐಸೊಟೋಪ್ ಅಂಕಿ ಕುಸಿಯುವುದಕ್ಕೆ ಮೊದಲೇ, ತೊರ್ಸಿಯನ್ ಶುರುವಾಗುವ ಹೊತ್ತಿಗೇ ಆರಂಭವಾಗಿತ್ತು ಎನ್ನುತ್ತವೆ ಅವು. ಯಾರ್ಕ್‌ಶೈರಿನಲ್ಲಿ ಆ ಹೊತ್ತಿನ ಕಲ್ಲು ಜೆಟ್ ಪದರಕ್ಕಿಂತ ಕೆಳಗಿನ ಬೂದು ಶೇಲ್. ಅದರ ಬುಡದಲ್ಲಿ ಸಲ್ಫರ್ ಬ್ಯಾಂಡ್ಸ್ ಎಂಬ ತೆಳು ಪಟ್ಟಿಗಳಿವೆ. ಈಗ ನಾನು ಒತ್ತೊತ್ತಾಗಿ ಮಾದರಿ ತೆಗೆಯುತ್ತಿರುವುದು ಆ ಪಟ್ಟಿಗಳಿಂದ, ಅವುಗಳ ನಡುವಿನ ಬೂದು ಕಲ್ಲಿನಿಂದ.