ಬೂಟಿನ ಡಬ್ಬದ ಲೆಕ್ಕ: ತಾಯಂದಿರ ಕ್ಲಬ್ಬಿನ ಹೊಸ ಖಜಾಂಚಿಗೆ

ಮಗಳು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ನಮ್ಮ ಊರಿನ ‘ಆ್ಯಗಿ ಮಾಮ್ಸ್’ ಕ್ಲಬ್ಬಿನ (ಅಲ್ಲಿನ ವಿದ್ಯಾರ್ಥಿಗಳಿಗೆ ‘ಆ್ಯಗಿ’ ಎನ್ನುತ್ತಾರೆ; ಇದು ಅವರಿಗಾಗಿ ಹಣ ಕೂಡಿಸುವ ತಾಯಂದಿರ ಸಂಘ) ಸಭೆಗೆ ಸುಮ್ಮನೆ ನೋಡಿ ಬರೋಣವೆಂದು ಹೋದೆ. ಬರುವಾಗ ಖಜಾಂಚಿಯಾಗಿ ಬಂದೆ. ಕೈಯಲ್ಲಿ ಒಂದು ಬೂಟಿನ ಡಬ್ಬ. ಅದರೊಳಗೆ ಚೆಕ್ ಪುಸ್ತಕ, ರಬ್ಬರ್ ಬ್ಯಾಂಡ್ ಸುತ್ತಿದ ರಸೀದಿಗಳು, ಚಿಲ್ಲರೆ ತುಂಬಿದ ಪ್ಲಾಸ್ಟಿಕ್ ಚೀಲ. ಹ್ಯೂಸ್ಟನ್, ಡಲ್ಲಾಸ್ ಕಡೆಯ ಕನ್ನಡದ ಮನೆಗಳ ಅಮ್ಮಂದಿರ ಕೈಗೂ ಇಂಥ ಡಬ್ಬ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಕ್ಲಬ್ಬುಗಳು ನಿನ್ನೆ ಮೊನ್ನೆಯವಲ್ಲ. ಮೊದಲನೆಯದು 1922ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿತು. ಊರೂರಿನ ಕ್ಲಬ್ಬುಗಳು ಸೇರಿ ಒಕ್ಕೂಟವಾದದ್ದು 1928ರಲ್ಲಿ. ಅದು ಗಂಡುಹುಡುಗರು ಸೈನಿಕ ಶಿಸ್ತಿನಲ್ಲಿ ಓದುತ್ತಿದ್ದ ಕಾಲ. ಹೆಣ್ಣುಮಕ್ಕಳಿಗೆ ಅಲ್ಲಿ ಅಧಿಕೃತವಾಗಿ ಬಾಗಿಲು ತೆರೆದದ್ದು 1963ರಲ್ಲಿ. ಅಮ್ಮಂದಿರು ಮಾತ್ರ ಅದಕ್ಕೂ ನಾಲ್ಕು ದಶಕ ಮೊದಲೇ ಒಳಹೊಕ್ಕಿದ್ದರು!

ಖಜಾಂಚಿಯಾದವರು ಮೊದಲು ಖರ್ಚಿನ ಪಟ್ಟಿ ಬರೆಯಬೇಕು, ಗಳಿಕೆಯದು ಆಮೇಲೆ. ನಾನು ಇದನ್ನು ತಿರುಗಾ ಮುರುಗಾ ಮಾಡಿದ್ದೆ. ಮೊದಲ ವರ್ಷ ಹಣ ಕೂಡಿಸಿಟ್ಟು ವಸಂತದ ಸಭೆಯಲ್ಲಿ ‘ಯಾರಿಗೆ ಕೊಡೋಣ?’ ಎಂದು ಕೇಳಿದೆ. ರಾತ್ರಿ ಹತ್ತರವರೆಗೆ ಜಗಳ. ಪ್ರತಿಯೊಬ್ಬರಿಗೂ ತಮ್ಮ ಮಗ ಇರುವ ತಂಡವೇ ಮುಖ್ಯ. ಎರಡನೆಯ ವರ್ಷ ಆಗಸ್ಟ್‌ನಲ್ಲೇ ಮತಕ್ಕೆ ಹಾಕಿ ಗೋಡೆಗೆ ಅಂಟಿಸಿದೆವು: ಅರ್ಧ ಭಾಗ ವಿದ್ಯಾರ್ಥಿವೇತನಕ್ಕೆ, ಮೂರನೆಯ ಒಂದು ಭಾಗ ವಿದ್ಯಾರ್ಥಿ ಸಂಘಟನೆಗಳಿಗೆ, ಉಳಿದದ್ದು ಡಿಸೆಂಬರ್ ಮತ್ತು ಮೇ ತಿಂಗಳ ಪರೀಕ್ಷೆಯ ತಿಂಡಿ ಚೀಲಗಳಿಗೆ. ಆ ವರ್ಷದ ಸಭೆ ಎಂಟೂವರೆಗೆ ಮುಗಿಯಿತು.

ಗಳಿಕೆಯ ಮಾತು ಚಿಕ್ಕದು. ಸದಸ್ಯತ್ವದ ಶುಲ್ಕ ಅಂಚೆ ಖರ್ಚಿಗೆ ಸಾಲುತ್ತದೆ, ಅಷ್ಟೆ. ನಿಜವಾದ ಹಣ ಬರುವುದು ಮಾರಾಟದ ಮೇಜಿನಿಂದ ಮತ್ತು ಕಂಪನಿಗಳು ಸೇರಿಸುವ ಸಮಪಾಲಿನಿಂದ. ನಿಮ್ಮ ಮನೆಯವರ ಕಂಪನಿ ನೌಕರರ ದೇಣಿಗೆಗೆ ಅಷ್ಟೇ ಹಣ ಸೇರಿಸುತ್ತದೆಯೇ ಎಂದು ಪ್ರತಿ ಸದಸ್ಯೆಯನ್ನೂ ಹೆಸರು ಹಿಡಿದು ಕೇಳಿ. ಸಭೆಯಲ್ಲಿ ಒಟ್ಟಾಗಿ ಕೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಟೆಕ್ಸಸ್‌ನಲ್ಲಿ ನಮ್ಮಂಥ ತೆರಿಗೆ ವಿನಾಯಿತಿಯುಳ್ಳ ದತ್ತಿ ಸಂಸ್ಥೆಗಳಿಗೆ ವರ್ಷಕ್ಕೆ ಎರಡು ದಿನ ಮಾರಾಟ ತೆರಿಗೆಯಿಲ್ಲದೆ ಮಾರಲು ಅವಕಾಶವಿದೆ. ಆದ್ದರಿಂದ ತಿಂಗಳಿಗೊಂದು ಪುಟ್ಟ ಮೇಜು ಹಾಕಿ ಸುಸ್ತಾಗಬೇಡಿ. ಎರಡು ದೊಡ್ಡ ದಿನಗಳನ್ನು ಗೊತ್ತು ಮಾಡಿ. ನಾನು ಅರವತ್ತು ಪೊಟ್ಟಣ ಚಕ್ಕುಲಿ ಒಯ್ದಿದ್ದೆ. ಅದನ್ನು ‘ಖಾರದ ಪ್ರೆಟ್ಜೆಲ್’ ಎಂದು ಕರೆದುಕೊಂಡು ಹನ್ನೊಂದು ಗಂಟೆಗೆಲ್ಲ ಖಾಲಿ ಮಾಡಿದರು. ಮನೆಯ ತಿಂಡಿಗೆ ಚೀಟಿ ಅಂಟಿಸಲೇಬೇಕು. ಕಡಲೆಕಾಯಿ, ಗೋಧಿ, ಹಾಲು ಇದ್ದರೆ ಅದರಲ್ಲಿ ಬರೆಯಬೇಕು. ಮೈಸೂರು ಪಾಕಿನ ತುಪ್ಪವೂ ಹಾಲಿನ ಲೆಕ್ಕಕ್ಕೇ ಸೇರುತ್ತದೆ.

ಅಂಗಿಗಳ ವಿಷಯದಲ್ಲಿ ಮಾತ್ರ ನಾನು ಕೈ ಸುಟ್ಟುಕೊಂಡೆ. ಅಗ್ಗವೆಂದು ಪರಿಚಯದ ಮುದ್ರಕರೊಬ್ಬರ ಹತ್ತಿರ ವಿಶ್ವವಿದ್ಯಾಲಯದ ಲಾಂಛನ ಹಾಕಿಸಿ ಎಂಬತ್ತು ಅಂಗಿ ಮಾಡಿಸಿದೆ. ಆ ಲಾಂಛನವನ್ನು ಪರವಾನಗಿ ಪಡೆದ ಮುದ್ರಕರು ಮಾತ್ರ ಬಳಸಬಹುದು ಎಂದು ತಿಳಿದದ್ದು ಡಬ್ಬಗಳು ಮನೆಗೆ ಬಂದ ಮೇಲೆ. ಒಂದನ್ನೂ ಮಾರಲಿಲ್ಲ, ನಷ್ಟ ನನ್ನದೇ ಚೆಕ್ಕಿನಿಂದ ಹೋಯಿತು. ನಮ್ಮ ಮನೆಯವರು ಹುಲ್ಲು ಕತ್ತರಿಸುವಾಗ ಇವತ್ತಿಗೂ ಅದನ್ನೇ ತೊಡುತ್ತಾರೆ.

ಕೊಡುವುದು ಗಳಿಸುವುದಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ. ವಿದ್ಯಾರ್ಥಿ ಸಂಘಟನೆಗಳ ಅರ್ಜಿ ಬಂದಾಗ ಎಲ್ಲವೂ ಒಂದೇ ರೀತಿ ಕಾಣುತ್ತವೆ: ‘ನಾಯಕತ್ವ’, ‘ಸೇವೆ’, ‘ಸಮುದಾಯ’. ಅದಕ್ಕೇ ನಮ್ಮ ಅರ್ಜಿಯಲ್ಲಿ ಒಂದೇ ಪ್ರಶ್ನೆ ಸೇರಿಸಿದೆ: ಈ ಹಣ ಬಾರದಿದ್ದರೆ ಏನು ನಿಲ್ಲುತ್ತದೆ? ಒಂದು ತಂಡ ‘ನಮ್ಮ ಬ್ಯಾನರ್ ಹಳೆಯದಾಗಿಯೇ ಇರುತ್ತದೆ’ ಎಂದು ಪ್ರಾಮಾಣಿಕವಾಗಿ ಬರೆಯಿತು. ಪ್ರಾಮಾಣಿಕತೆಗೆ ಮೆಚ್ಚಿದೆವು, ಹಣ ಕೊಡಲಿಲ್ಲ. ಈ ಕ್ಯಾಂಪಸ್ಸಿನಲ್ಲಿ ‘ಟ್ವೆಲ್ತ್ ಕ್ಯಾನ್’ ಎಂಬ ಆಹಾರ ಭಂಡಾರವನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ‘ಕಾರ್‌ಪೂಲ್’ ಎಂಬ ತಂಡದವರು ವಾರಾಂತ್ಯದ ರಾತ್ರಿಗಳಲ್ಲಿ ಮಕ್ಕಳನ್ನು ಉಚಿತವಾಗಿ ಮನೆಗೆ ತಲುಪಿಸುತ್ತಾರೆ. ಇಂಥವರಿಗೆ ಹಣ ನಿಂತರೆ ಏನು ನಿಲ್ಲುತ್ತದೆಂದು ವಿವರಿಸಬೇಕಾಗಿಯೇ ಇಲ್ಲ. ಆದರೂ ಅರ್ಜಿ ಕೇಳಿ. ಬಾಯಿಮಾತಿಗೆ ಹಣ ಕೊಟ್ಟರೆ ಮುಂದಿನ ವರ್ಷದ ಖಜಾಂಚಿಗೆ ಉತ್ತರವಿರುವುದಿಲ್ಲ.

ಚೆಕ್ ಯಾವತ್ತೂ ಸಂಘಟನೆಯ ಹೆಸರಿಗೆ ಬರೆಯಿರಿ, ಅದರ ಅಧ್ಯಕ್ಷನಾದ ಹುಡುಗನ ಹೆಸರಿಗಲ್ಲ. ಮಾನ್ಯತೆ ಪಡೆದ ಸಂಘಟನೆಗಳ ಹಣ ನೋಡಿಕೊಳ್ಳಲು ವಿಶ್ವವಿದ್ಯಾಲಯದಲ್ಲೇ ಒಂದು ಹಣಕಾಸು ಕೇಂದ್ರವಿದೆ. ಚೆಕ್ ಅಲ್ಲಿಗೇ ಸೇರುತ್ತದೆ. ವಿದ್ಯಾರ್ಥಿವೇತನವನ್ನೂ ಮಗುವಿನ ಕೈಗೆ ಕೊಡದೆ ವಿಶ್ವವಿದ್ಯಾಲಯಕ್ಕೇ ಕಳುಹಿಸಿ. ಆದರೆ ಅದಕ್ಕೆ ಮೊದಲು ಆ ವಿದ್ಯಾರ್ಥಿ ವಿಶ್ವವಿದ್ಯಾಲಯದ ಆರ್ಥಿಕ ನೆರವಿನ ಕಚೇರಿಯಲ್ಲಿ ಒಂದು ಮಾತು ವಿಚಾರಿಸಲಿ: ಹೊರಗಿನಿಂದ ಹಣ ಬಂದರೆ ಈಗಾಗಲೇ ಮಂಜೂರಾದ ನೆರವು ಕಡಿಮೆಯಾಗುತ್ತದೆಯೇ? ಹಾಗಾಗುವುದುಂಟು. ಆಗ ನೀವು ಕೊಟ್ಟದ್ದು ಮಗುವಿಗೆ ದಕ್ಕುವುದಿಲ್ಲ. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಿಂದ ಕೇಳಲು ಹೋಗಬೇಡಿ. 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಅವರು ನಮ್ಮಂಥ ಹೊರಗಿನವರಿಗೆ ಕೊಡುವುದಿಲ್ಲ. ಅರ್ಜಿಯ ಜೊತೆ ವಿದ್ಯಾರ್ಥಿಯೇ ಲಗತ್ತಿಸಬೇಕು. ಹೆಸರು ಮುಚ್ಚಿ, ಸಂಖ್ಯೆ ಹಾಕಿ, ಆಮೇಲೆ ಓದಲು ಕೊಡಿ. ಯಾರ ಮಗು ಅರ್ಜಿ ಹಾಕಿದೆಯೋ ಆ ತಾಯಿ ಆಯ್ಕೆಯ ಕೋಣೆಯಲ್ಲಿ ಕೂರಬಾರದು. ಇದನ್ನು ಹೇಳುವಾಗ ನನಗೂ ಮುಜುಗರವಾಗಿತ್ತು, ಹೇಳಿದೆ.

ನಮ್ಮಮ್ಮ ತಿಪಟೂರಿನಲ್ಲಿ ಮುಯ್ಯಿ ಪುಸ್ತಕ ಇಟ್ಟಿದ್ದರು. ಯಾರು ಯಾವ ಮದುವೆಗೆ ಎಷ್ಟು ಓದಿಸಿದರು, ನಾವು ತಿರುಗಿ ಎಷ್ಟು ಓದಿಸಬೇಕು, ಎಲ್ಲ ಪೆನ್ಸಿಲಿನಲ್ಲಿ. ನನ್ನ ಲೆಕ್ಕದ ಅಭ್ಯಾಸ ಅಲ್ಲಿಂದಲೇ ಬಂದದ್ದು. ಆದರೆ ಇಲ್ಲಿ ಮುಯ್ಯಿ ನಡೆಯುವುದಿಲ್ಲ. ಒಬ್ಬ ತಂದೆ ಐನೂರು ಡಾಲರ್ ಕೊಡುತ್ತೇನೆಂದರು, ತಮ್ಮ ಮಗನ ವಿದ್ಯಾರ್ಥಿವೇತನಕ್ಕೇ ಹೋಗಬೇಕೆಂಬ ಷರತ್ತಿನಲ್ಲಿ. ಅದು ದಾನವಲ್ಲ, ಅದಕ್ಕೆ ತೆರಿಗೆ ರಿಯಾಯಿತಿಯೂ ಇಲ್ಲ. ನೇರವಾಗಿ ಮಗನ ಶುಲ್ಕವನ್ನೇ ಕಟ್ಟಿಬಿಡಿ ಎಂದು ಚೆಕ್ ಹಿಂತಿರುಗಿಸಿದೆ. ಅವರು ಆರು ತಿಂಗಳು ಮಾತನಾಡಿಸಲಿಲ್ಲ.

ಇನ್ನು ಕಾಗದಪತ್ರ. 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ಲಿಖಿತ ಸ್ವೀಕೃತಿ ಬೇಕು. ಅವರಿಗೆ ಪ್ರತಿಯಾಗಿ ಏನಾದರೂ ಕೊಟ್ಟಿದ್ದೀರೋ ಇಲ್ಲವೋ ಎಂಬುದೂ ಅದರಲ್ಲಿರಬೇಕು. ಊಟದ ಟಿಕೆಟ್ 100 ಡಾಲರ್, ಊಟದ ಬೆಲೆ 30 ಎಂದಾದರೆ ದಾನವೆನಿಸುವುದು 70 ಮಾತ್ರ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಕ್ಲಬ್ಬಿಗೆ ಫೆಡರಲ್ ತೆರಿಗೆ ಇಲಾಖೆ ಕೇಳುವುದು ‘990-ಎನ್’ ಎಂಬ ಪುಟ್ಟ ಆನ್‌ಲೈನ್ ನಮೂನೆಯನ್ನು. ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷದ್ದೆಂದು ಮುಂದೂಡಿ ಮೂರು ವರ್ಷ ಸತತವಾಗಿ ಬಿಟ್ಟರೆ ಕ್ಲಬ್ಬಿನ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ನಮ್ಮ ಲೆಕ್ಕದ ವರ್ಷ ಮೇ 31ಕ್ಕೆ ಮುಗಿಯುವುದರಿಂದ ಕೊನೆಯ ದಿನ ಅಕ್ಟೋಬರ್ 15. ದಸರೆಯ ಗೊಂಬೆ ಕೂರಿಸುವ ಮೊದಲು ಅದನ್ನು ಮುಗಿಸಿಬಿಡುವುದು ನನ್ನ ಪದ್ಧತಿ. ಚೆಕ್ಕಿಗೆ ಎರಡು ಸಹಿ ಇರಲಿ, ಬ್ಯಾಂಕಿನ ತಿಂಗಳ ಪಟ್ಟಿಯನ್ನು ಸಹಿ ಮಾಡದ ಮೂರನೆಯವರೊಬ್ಬರು ನೋಡಲಿ. ನನ್ನ ಮೇಲೆ ಅನುಮಾನವೇ ಎಂದು ಬೇಸರಪಡಬೇಡಿ. ಕೂಡದಿರುವ ನಲವತ್ತು ಡಾಲರ್ ಹುಡುಕುತ್ತಾ ನಡುರಾತ್ರಿ ಕೂರುವಾಗ ಆ ಮೂರನೆಯ ಕಣ್ಣೇ ನಿಮ್ಮನ್ನು ಕಾಪಾಡುತ್ತದೆ.

ತಿಂಡಿ ಚೀಲದ ಬಗ್ಗೆ ಒಂದೇ ಮಾತು: ಚಾಕೊಲೇಟ್ ಕಡಿಮೆ ಮಾಡಿ, ಪೆನ್ಸಿಲ್ ಮತ್ತು ದಿಢೀರ್ ನೂಡಲ್ಸ್ ಹೆಚ್ಚು ಹಾಕಿ. ಕಳೆದ ಡಿಸೆಂಬರಿನಲ್ಲಿ ನೂರೈವತ್ತು ಚೀಲ ಕಟ್ಟಿದೆವು. ಹಂಚುವ ಮೇಜಿನ ಹಿಂದೆ ನಾನು ನಿಂತಿದ್ದಾಗ ನನ್ನ ಮಗಳೂ ಸಾಲಿನಲ್ಲಿ ಬಂದಳು, ಗುರುತಿಲ್ಲದವಳಂತೆ ಒಂದು ಚೀಲ ತೆಗೆದುಕೊಂಡಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಕೇಳಿದಳು: ‘ಅಮ್ಮಾ, ಚಕ್ಕುಲಿ ಹಾಕಿಲ್ಲವೇ?’