ಎಚ್‌ಡಿಎಫ್‌ಎಸ್ ಅರ್ಥವಾಗಿದ್ದು ಡೇಟಾನೋಡ್ ನಿಲ್ಲಿಸಿ ನೋಡಿದ ಮೇಲೆ

ಬಿಗ್ ಡೇಟಾ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟವರಿಗೆ ಗೊತ್ತು. ಸ್ಪಾರ್ಕ್, ಹೈವ್, ಕಾಫ್ಕಾದಂಥ ಡೇಟಾ ಸಾಫ್ಟ್‌ವೇರ್ ಏನೇ ಓದಿಕೊಂಡು ಹೋಗಿ, ಮಾತು ಒಂದಲ್ಲ ಒಂದು ಹೊತ್ತಿಗೆ ಫೈಲ್ ಎಲ್ಲಿ ಕೂತಿರುತ್ತದೆ ಅನ್ನುವಲ್ಲಿಗೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಆ ಮಷೀನ್ ಕೆಟ್ಟರೆ? ನನಗೆ ಎಚ್‌ಡಿಎಫ್‌ಎಸ್ (ದೊಡ್ಡ ಫೈಲ್‌ಗಳನ್ನು ಹಲವು ಮಷೀನ್‌ಗಳಲ್ಲಿ ಹಂಚಿ ಇಡುವ ಹಡೂಪ್‌ನ ಫೈಲ್ ಸಿಸ್ಟಮ್) ಬಗ್ಗೆ ಕೇಳಿದ್ದರಲ್ಲಿ ಹೆಚ್ಚಿನವು ಕೆಡುವುದರ ಬಗ್ಗೆಯೇ ಇದ್ದವು. ಅದಕ್ಕೇ ನಾನು ತಯಾರಿಯನ್ನೂ ಕೆಡಿಸುವುದರಿಂದಲೇ ಶುರು ಮಾಡಿದೆ. ಹಾಸನದ ಮನೆಯಲ್ಲಿ ಕೂತು ಒಂದು ಪುಟ್ಟ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಮಷೀನ್‌ಗಳ ಗುಂಪು) ಕಟ್ಟಿ, ಒಂದೊಂದೇ ಭಾಗ ನಿಲ್ಲಿಸಿ, ಏನಾಗುತ್ತದೆ ಅಂತ ನೋಡುತ್ತಾ ಹೋದೆ.

ಆಗ ನಾನು ಎಸ್‌ಕ್ಯೂಎಲ್ ರಿಪೋರ್ಟ್ ಬರೆಯುವ ಕೆಲಸದಲ್ಲಿದ್ದೆ. ಡೇಟಾ ಎಂಜಿನಿಯರ್ ಆಗಬೇಕು ಅಂತ ತುಂಬಾ ಆಸೆಯಿತ್ತು. ಈಗ ನಮ್ಮ ಕಡೆಯ ಹುಡುಗರು "ಅಕ್ಕಾ, ಇದಕ್ಕೆ ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಲೇಬೇಕಾ?" ಅಂತ ಕೇಳುತ್ತಾರೆ. ಬೇಡ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಲವು ಪುಟ್ಟ ಮಷೀನ್‌ಗಳಿರುವ ಹಾಗೆ ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನಲ್ಲಿ ಒಂದು ನೇಮ್‌ನೋಡ್ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ ಇಡುವುದು), ನಾಲ್ಕು ಡೇಟಾನೋಡ್ (ಡೇಟಾ ಇಟ್ಟುಕೊಳ್ಳುವವು) ಎಬ್ಬಿಸಿ. ಒಂದೊಂದರ ಹೀಪ್ (ಅದು ಬಳಸುವ ಜಾವಾ ಮೆಮೊರಿ) 512 ಎಂಬಿ ದಾಟದ ಹಾಗೆ ಕಟ್ಟಿಹಾಕಿ. ಮೂರು ಸಾಲದಾ ಅಂದರೆ, ಸಾಲದು. ಒಂದೊಂದು ಬ್ಲಾಕ್‌ಗೆ (ಫೈಲ್‌ನ ಒಂದು ತುಂಡಿಗೆ) ಮೂರು ಪ್ರತಿ ಇರುವಾಗ ಮೂರರಲ್ಲಿ ಒಂದು ಹೋದರೆ, ಹೊಸ ಪ್ರತಿ ಇಡಲು ಜಾಗವೇ ಇರುವುದಿಲ್ಲ. ನಾಲ್ಕನೆಯದಿದ್ದರೆ ಮಾತ್ರ ಸಿಸ್ಟಮ್ ತನ್ನನ್ನು ತಾನು ಸರಿ ಮಾಡಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ.

ಇತಿಹಾಸಕ್ಕೆ ಜಾಸ್ತಿ ಹೊತ್ತು ಬೇಡ. 2003ರಲ್ಲಿ ಗೂಗಲ್‌ನವರು ತಮ್ಮ ಫೈಲ್ ಸಿಸ್ಟಮ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಡಗ್ ಕಟ್ಟಿಂಗ್, ಮೈಕ್ ಕಾಫರೆಲ್ಲಾ ಅದೇ ವಿಚಾರವನ್ನು ಓಪನ್ ಸೋರ್ಸ್‌ಗೆ ತಂದರು, 2006ರಲ್ಲಿ ಹಡೂಪ್ ಅನ್ನುವ ಹೆಸರಿನಲ್ಲಿ ಅದು ಬೇರೆ ಪ್ರಾಜೆಕ್ಟ್ ಆಯಿತು. ಆ ಪ್ರಬಂಧದ ಒಂದು ಮಾತು ಮಾತ್ರ ನೆನಪಿಡಿ: ಸಾವಿರಾರು ಅಗ್ಗದ ಮಷೀನ್ ಇಟ್ಟುಕೊಂಡರೆ ಯಾವುದಾದರೊಂದು ಸದಾ ಕೆಟ್ಟೇ ಇರುತ್ತದೆ. ಉಳಿದ ವಿನ್ಯಾಸವೆಲ್ಲ ಅದರಿಂದಲೇ ಹುಟ್ಟಿದ್ದು.

ಮೊದಲು ಬ್ಲಾಕ್ ಲೆಕ್ಕ. ನಾನು 300 ಎಂಬಿಯ ಒಂದು ಟೆಕ್ಸ್ಟ್ ಫೈಲ್ ತಯಾರು ಮಾಡಿ ಕ್ಲಸ್ಟರ್‌ಗೆ ಹಾಕಿದೆ. ಹಡೂಪ್ 2ರಿಂದ ಬ್ಲಾಕ್ ಗಾತ್ರ ಡೀಫಾಲ್ಟ್ ಆಗಿ 128 ಎಂಬಿ, ಅದಕ್ಕೂ ಮೊದಲು 64 ಇತ್ತು. ಹಾಗಾಗಿ 128, 128, 44, ಒಟ್ಟು ಮೂರು ಬ್ಲಾಕ್. ಮೂರು ಪ್ರತಿ ಅಂದರೆ ಒಂಬತ್ತು ತುಂಡು, ಡಿಸ್ಕ್‌ನಲ್ಲಿ 900 ಎಂಬಿ. ಇಂಟರ್‌ವ್ಯೂನಲ್ಲಿ ಇಲ್ಲೊಂದು ಕೊಕ್ಕೆ ಹಾಕುತ್ತಾರೆ: ಕೊನೆಯ 44 ಎಂಬಿ ಬ್ಲಾಕ್ ಡಿಸ್ಕ್‌ನಲ್ಲಿ 128 ಎಂಬಿ ಜಾಗ ಹಿಡಿಯುತ್ತದಾ? ಇಲ್ಲ, 44 ಅಷ್ಟೇ. ಬಾಯಿಪಾಠ ಮಾಡುವುದಕ್ಕಿಂತ ಡೇಟಾನೋಡ್ ಕಂಟೇನರ್ ಒಳಗೆ ಹೋಗಿ ನೋಡಿ. ಬ್ಲಾಕ್ ಅಲ್ಲಿ ಒಂದು ಸಾದಾ ಫೈಲ್. ಪಕ್ಕದಲ್ಲೇ ಅದರ ಹೆಸರಿನದೇ ಇನ್ನೊಂದು ಚಿಕ್ಕ ಮೆಟಾ ಫೈಲ್ ಇರುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬ್ಲಾಕ್ ಇಷ್ಟು ದೊಡ್ಡದು ಯಾಕೆ ಅಂತಲೂ ಕೇಳುತ್ತಾರೆ. ಹಾರ್ಡ್ ಡಿಸ್ಕ್‌ನ ಸೂಜಿ ಸರಿಯಾದ ಜಾಗಕ್ಕೆ ಹೋಗಲು ಸುಮಾರು 10 ಮಿಲಿಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದುತ್ತದೆ ಅನ್ನಿ. ಒಂದೇ ಏಟಿಗೆ 100 ಎಂಬಿ ಓದಿದರೆ ಹುಡುಕಾಟದ ಸಮಯ ಓದುವ ಸಮಯದ ನೂರರಲ್ಲಿ ಒಂದು ಪಾಲು. 4 ಕೆಬಿ ತುಂಡುಗಳಾಗಿ ಚದುರಿದ್ದರೆ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಈ ಲೆಕ್ಕವನ್ನು ಪೇಪರ್ ಮೇಲೆ ಮಾಡಿ ತೋರಿಸಿ, ಕೇಳುವವರ ಮುಖ ಅರಳುತ್ತದೆ.

ನೇಮ್‌ನೋಡ್ ಅರ್ಥ ಮಾಡಿಕೊಳ್ಳಲು ನನಗೆ ನೆರವಾಗಿದ್ದು ಅಪ್ಪ. ಅವರು ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಯಾವ ಗೋಡೌನ್‌ನಲ್ಲಿ ಯಾವ ಮೂಟೆ ಇದೆ ಅನ್ನುವುದು ಅವರ ಪುಸ್ತಕದಲ್ಲಿರುತ್ತದೆ, ಆದರೆ ಒಂದು ಮೂಟೆಯೂ ಅವರ ಮೇಜಿನ ಮೇಲೆ ಹಾದುಹೋಗುವುದಿಲ್ಲ. ನೇಮ್‌ನೋಡ್ ಕೆಲಸವೂ ಅದೇ. ಫೈಲ್ ಬರೆಯುವಾಗ ಕ್ಲೈಂಟ್ (ಫೈಲ್ ಬರೆಯುವ, ಓದುವ ಪ್ರೋಗ್ರಾಂ) ಅದನ್ನು ಕೇಳುವುದು ಎಲ್ಲಿ ಇಡಲಿ ಅಂತ ಮಾತ್ರ. ಮೂರು ಡೇಟಾನೋಡ್‌ಗಳ ಪಟ್ಟಿ ಸಿಗುತ್ತದೆ. ಆಮೇಲೆ ಡೇಟಾ 64 ಕೆಬಿಯ ಪ್ಯಾಕೆಟ್‌ಗಳಾಗಿ ಮೊದಲನೆಯದಕ್ಕೆ, ಅದರಿಂದ ಎರಡನೆಯದಕ್ಕೆ, ಅದರಿಂದ ಮೂರನೆಯದಕ್ಕೆ ಹರಿಯುತ್ತದೆ. ಸೇರಿತು ಅನ್ನುವ ಒಪ್ಪಿಗೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಪುಟ್ಟಿ, ಪುಸ್ತಕವೇ ಸುಟ್ಟುಹೋದರೆ?"

ಇಂಟರ್‌ವ್ಯೂ ಮಾಡುವವರು ಕೇಳುವುದೂ ಇದನ್ನೇ. ನೇಮ್‌ನೋಡ್‌ನ ಲೆಕ್ಕ ಡಿಸ್ಕ್‌ನಲ್ಲಿ ಎರಡು ಕಡೆ ಇರುತ್ತದೆ. ಒಂದು ಎಫ್‌ಎಸ್‌ಇಮೇಜ್, ಅಂದರೆ ಒಂದು ಹೊತ್ತಿನ ಪೂರ್ತಿ ಚಿತ್ರ. ಇನ್ನೊಂದು ಎಡಿಟ್ ಲಾಗ್, ಆಮೇಲಾದ ಬದಲಾವಣೆಗಳು. ಸೆಕೆಂಡರಿ ನೇಮ್‌ನೋಡ್ ಆಗಾಗ ಇವೆರಡನ್ನೂ ಸೇರಿಸಿ ಹೊಸ ಚಿತ್ರ ಮಾಡಿಕೊಡುತ್ತದೆ, ಅಷ್ಟೇ. ಹೆಸರು ಕೇಳಿ ಅದು ಬ್ಯಾಕಪ್ ಅಂದುಕೊಳ್ಳಬೇಡಿ. ಮುಖ್ಯ ನೇಮ್‌ನೋಡ್ ಬಿದ್ದರೆ ಅದರ ಕೆಲಸವನ್ನು ಇದು ವಹಿಸಿಕೊಳ್ಳುವುದಿಲ್ಲ. ವಹಿಸಿಕೊಳ್ಳಬೇಕೆಂದರೆ ಹಡೂಪ್ 2ರಲ್ಲಿ ಬಂದ ಹೈ ಅವೈಲಬಿಲಿಟಿ ಬೇಕು. ಒಂದು ಆಕ್ಟಿವ್, ಒಂದು ಸ್ಟ್ಯಾಂಡ್‌ಬೈ, ನಡುವೆ ಕಡಿಮೆಯೆಂದರೆ ಮೂರು ಜರ್ನಲ್‌ನೋಡ್. ಪ್ರತಿ ಬದಲಾವಣೆಯೂ ಅರ್ಧಕ್ಕಿಂತ ಹೆಚ್ಚು ಜರ್ನಲ್‌ನೋಡ್‌ಗಳಲ್ಲಿ ದಾಖಲಾಗಬೇಕು. ಯಾರು ಆಕ್ಟಿವ್ ಅನ್ನುವುದನ್ನು ಜೂಕೀಪರ್ ಅನ್ನುವ ಸಮನ್ವಯದ ಸಾಫ್ಟ್‌ವೇರ್ ನೆರವಿನಿಂದ ತೀರ್ಮಾನಿಸುತ್ತಾರೆ. ಡೇಟಾನೋಡ್‌ಗಳು ಎರಡೂ ನೇಮ್‌ನೋಡ್‌ಗೆ ವರದಿ ಕೊಡುತ್ತಿರುವುದರಿಂದ ಸ್ಟ್ಯಾಂಡ್‌ಬೈ ತಕ್ಷಣ ತಯಾರಿರುತ್ತದೆ. ಈ ಸೆಟಪ್‌ನಲ್ಲಿ ಸೆಕೆಂಡರಿ ನೇಮ್‌ನೋಡ್ ಬೇಕಾಗುವುದೇ ಇಲ್ಲ, ಆ ಕೆಲಸವನ್ನೂ ಸ್ಟ್ಯಾಂಡ್‌ಬೈ ಮಾಡುತ್ತದೆ.

ಇದರ ಜೊತೆಗೇ ತಿಳಿದಿರಬೇಕಾದ ಒಂದು ವಿಷಯವಿದೆ. ಯಾವ ಬ್ಲಾಕ್ ಯಾವ ಡೇಟಾನೋಡ್‌ನಲ್ಲಿದೆ ಅನ್ನುವುದನ್ನು ನೇಮ್‌ನೋಡ್ ಡಿಸ್ಕ್‌ಗೆ ಬರೆಯುವುದೇ ಇಲ್ಲ. ಫೈಲ್‌ಗೆ ಯಾವ ಬ್ಲಾಕ್‌ಗಳು ಅಂತ ಮಾತ್ರ ಬರೆದಿರುತ್ತದೆ. ಸ್ಥಳದ ವಿವರ ನೆನಪಿನಲ್ಲಿ, ಅಂದರೆ ರ‍್ಯಾಮ್‌ನಲ್ಲಿ. ಅದನ್ನು ತುಂಬುವುದು ಡೇಟಾನೋಡ್‌ಗಳು ಕಳಿಸುವ ಬ್ಲಾಕ್ ರಿಪೋರ್ಟ್. ಹಾಗಾಗಿ ನೇಮ್‌ನೋಡ್ ಎದ್ದ ಕೂಡಲೇ ಸೇಫ್ ಮೋಡ್‌ನಲ್ಲಿರುತ್ತದೆ. ಶೇಕಡಾ 99.9ರಷ್ಟು ಬ್ಲಾಕ್‌ಗಳಿಗೆ ಕಡಿಮೆಯೆಂದರೆ ಒಂದೊಂದು ಪ್ರತಿ ಇದೆ ಅಂತ ವರದಿ ಬರುವ ತನಕ ಯಾರಿಗೂ ಬರೆಯಲು ಬಿಡುವುದಿಲ್ಲ. ನಾನು ಡೇಟಾನೋಡ್‌ಗಳನ್ನೆಲ್ಲ ನಿಲ್ಲಿಸಿ ನೇಮ್‌ನೋಡ್ ಒಂದನ್ನೇ ಎಬ್ಬಿಸಿ ನೋಡಿದೆ. ಫೈಲ್‌ಗಳ ಹೆಸರೆಲ್ಲ ಪಟ್ಟಿಯಲ್ಲಿ ಬಂತು. ಓದಲು ಹೋದರೆ ಬ್ಲಾಕ್ ಸಿಗಲಿಲ್ಲ. ಒಂದೊಂದೇ ಡೇಟಾನೋಡ್ ಎಬ್ಬಿಸಿದ ಹಾಗೆ ಸೇಫ್ ಮೋಡ್ ಸಂದೇಶದಲ್ಲಿನ ಅಂಕಿ ಏರುತ್ತಾ ಹೋಗುವುದನ್ನು ನೋಡಿದರೆ ಮತ್ತೆ ಮರೆಯುವ ಮಾತೇ ಇಲ್ಲ.

ಈಗ ಮುಖ್ಯ ಪ್ರಯೋಗ. 300 ಎಂಬಿ ಫೈಲ್ ಹಾಕಿ, ಎಫ್‌ಎಸ್‌ಸಿಕೆ ಕಮಾಂಡ್‌ನಿಂದ ಯಾವ ಬ್ಲಾಕ್ ಎಲ್ಲೆಲ್ಲಿದೆ ಅಂತ ನೋಡಿಕೊಂಡು, ಒಂದು ಡೇಟಾನೋಡ್ ನಿಲ್ಲಿಸಿದೆ. ಬ್ರೌಸರ್‌ನಲ್ಲಿ ನೇಮ್‌ನೋಡ್ ಪುಟ ತೆರೆದಿಟ್ಟಿದ್ದೆ. ಹಡೂಪ್ 3ರಲ್ಲಿ ಅದು 9870ನೇ ಪೋರ್ಟ್, ಹಳೆಯದರಲ್ಲಿ 50070. ಪಕ್ಕದಲ್ಲಿ ತಮ್ಮ ಕೂತಿದ್ದ. "ಅಕ್ಕಾ, ಆಫ್ ಮಾಡಿದೆಯಲ್ಲ, ಇನ್ನೂ ಬದುಕಿದೆ ಅಂತಲೇ ತೋರಿಸ್ತಿದೆ?" ಅಂದ.

ಅದೇ ಸರಿ. ಡೇಟಾನೋಡ್ 3 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಕಳಿಸುತ್ತದೆ. ಅದು ನಿಂತ ಕೂಡಲೇ ಸತ್ತಿತು ಅಂತ ನೇಮ್‌ನೋಡ್ ಬರೆದುಕೊಳ್ಳುವುದಿಲ್ಲ. ಮರುಪರಿಶೀಲನೆಯ ಅವಧಿ 5 ನಿಮಿಷ, ಅದರ ಎರಡರಷ್ಟು, ಜೊತೆಗೆ ಹತ್ತು ಹಾರ್ಟ್‌ಬೀಟ್‌ನ 30 ಸೆಕೆಂಡ್. ಒಟ್ಟು 10 ನಿಮಿಷ 30 ಸೆಕೆಂಡ್. ಕೊನೆಯ ಸಂಪರ್ಕದ ಕಾಲಂನಲ್ಲಿ ಅಂಕಿ ಏರುತ್ತಲೇ ಇತ್ತು. 630 ಸೆಕೆಂಡ್ ದಾಟಿ ಸ್ವಲ್ಪ ಹೊತ್ತಿಗೆ ಆ ನೋಡ್ ಸತ್ತವರ ಪಟ್ಟಿಗೆ ಹೋಯಿತು. ಕೂಡಲೇ ಪ್ರತಿ ಕಡಿಮೆ ಇರುವ ಬ್ಲಾಕ್‌ಗಳ ಲೆಕ್ಕ ಬಂತು, ನಾಲ್ಕನೆಯ ಡೇಟಾನೋಡ್ ಕಡೆಗೆ ನಕಲು ಶುರುವಾಯಿತು, ಲೆಕ್ಕ ಸೊನ್ನೆಗೆ ಇಳಿಯಿತು.

ಇಷ್ಟು ಹೊತ್ತು ಕಾಯುವುದು ಯಾಕೆ ಅನ್ನುವುದು ನಮ್ಮ ಕಡೆಯವರಿಗೆ ಬೇಗ ಹೊಳೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಐದು ನಿಮಿಷಕ್ಕೆ ಬರುತ್ತದೆ. ಡೇಟಾ ಸೆಂಟರ್‌ನಲ್ಲೂ ಸ್ವಿಚ್ ಒಂದು ರೀಸ್ಟಾರ್ಟ್ ಆದರೆ ಒಂದು ರ‍್ಯಾಕ್ (ಮಷೀನ್‌ಗಳನ್ನು ಜೋಡಿಸಿಟ್ಟ ಕಪಾಟು) ಪೂರ್ತಿ ಕ್ಷಣಕಾಲ ಕಾಣೆಯಾಗುತ್ತದೆ. ಅಷ್ಟಕ್ಕೇ ನೂರಾರು ಟೆರಾಬೈಟ್ ನಕಲು ಮಾಡಲು ಹೊರಟರೆ ನೆಟ್‌ವರ್ಕ್ ಸುಮ್ನೆ ಉಸಿರುಕಟ್ಟುತ್ತದೆ.

ನಿಲ್ಲಿಸಿದ ನೋಡ್ ಅನ್ನು ಮತ್ತೆ ಎಬ್ಬಿಸಿ ನೋಡಲು ಮರೆಯಬೇಡಿ. ಆಗ ಕೆಲವು ಬ್ಲಾಕ್‌ಗಳಿಗೆ ನಾಲ್ಕು ಪ್ರತಿ ಆಗುತ್ತದೆ. ನೇಮ್‌ನೋಡ್ ಹೆಚ್ಚಿನದನ್ನು ಅಳಿಸಲು ಹೇಳುತ್ತದೆ. ಈ ಭಾಗವನ್ನು ತುಂಬಾ ಜನ ಹೇಳುವುದೇ ಇಲ್ಲ.

ಒಂದು ಇಂಟರ್‌ವ್ಯೂನಲ್ಲಿ ಇದನ್ನೇ ಇನ್ನಷ್ಟು ಬಿಗಿ ಮಾಡಿ ಕೇಳಿದರು: ಬರೆಯುತ್ತಿರುವಾಗಲೇ ಮೂರರಲ್ಲಿ ಒಂದು ಡೇಟಾನೋಡ್ ಬಿದ್ದರೆ? ಉತ್ತರ ಹೀಗೆ. ಒಪ್ಪಿಗೆ ಬಾರದ ಪ್ಯಾಕೆಟ್‌ಗಳನ್ನು ಕ್ಲೈಂಟ್ ಮತ್ತೆ ಸಾಲಿಗೆ ಹಾಕಿಕೊಳ್ಳುತ್ತದೆ. ಉಳಿದ ಎರಡರ ಜೊತೆ ಪೈಪ್‌ಲೈನ್ ಮತ್ತೆ ಕಟ್ಟಿಕೊಂಡು ಬರೆಯುವುದನ್ನು ಮುಂದುವರಿಸುತ್ತದೆ. ಆ ಬ್ಲಾಕ್‌ಗೆ ಹೊಸ ಜನರೇಷನ್ ಸ್ಟ್ಯಾಂಪ್, ಅಂದರೆ ಆವೃತ್ತಿಯ ಸಂಖ್ಯೆ, ಸಿಗುತ್ತದೆ. ಬಿದ್ದ ನೋಡ್ ಮುಂದೆ ಎದ್ದು ಬಂದಾಗ ಅದರಲ್ಲಿರುವ ಅರೆಬರೆ ತುಂಡಿಗೆ ಹಳೆಯ ಸ್ಟ್ಯಾಂಪ್ ಇರುತ್ತದಲ್ವಾ, ಅದರಿಂದಲೇ ಗುರುತಿಸಿ ಅದನ್ನು ತೆಗೆದುಹಾಕುತ್ತಾರೆ. ಮೂರನೆಯ ಪ್ರತಿಯನ್ನು ನೇಮ್‌ನೋಡ್ ಆಮೇಲೆ ಮಾಡಿಸುತ್ತದೆ. ಸ್ಟ್ಯಾಂಪ್ ಮಾತು ಬಂದ ಕೂಡಲೇ ಕೇಳುತ್ತಿದ್ದವರು ಪೆನ್ ಕೆಳಗಿಟ್ಟು ಸರಿಯಾಗಿ ಮಾತಿಗೆ ಕೂತರು.

ಈಗ ಮೆಟಾ ಫೈಲ್. ಬ್ಲಾಕ್‌ನ ಪ್ರತಿ 512 ಬೈಟ್‌ಗೂ ಒಂದು ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ತಾಳೆ ನೋಡುವ ಅಂಕಿ) ಅದರಲ್ಲಿ ಇರುತ್ತದೆ. ನಾನು ಒಂದು ಡೇಟಾನೋಡ್‌ನಲ್ಲಿ ಬ್ಲಾಕ್ ಫೈಲ್ ನಡುವೆ ಕೆಲವು ಬೈಟ್ ಬದಲಿಸಿ, ಅದೇ ಡೇಟಾನೋಡ್ ಒಳಗಿಂದ ಫೈಲ್ ಓದಿದೆ. ಹತ್ತಿರದ ಪ್ರತಿಯನ್ನೇ ಮೊದಲು ಓದುವುದರಿಂದ ಕೆಟ್ಟ ಪ್ರತಿಯೇ ಸಿಗಲಿ ಅಂತ. ಪರದೆ ಮೇಲೆ ಚೆಕ್‌ಸಮ್ ತಪ್ಪಿದೆ ಅನ್ನುವ ಎಚ್ಚರಿಕೆ ಬಂತು, ಆದರೂ ಫೈಲ್ ಪೂರ್ತಿ ಸರಿಯಾಗಿ ಬಂತು. ಕ್ಲೈಂಟ್ ಇನ್ನೊಂದು ಪ್ರತಿಗೆ ಹೋಗಿತ್ತು, ಹಾಳಾದದ್ದರ ಸುದ್ದಿಯನ್ನು ನೇಮ್‌ನೋಡ್‌ಗೂ ಮುಟ್ಟಿಸಿತ್ತು. ನೇಮ್‌ನೋಡ್ ಮೊದಲು ಒಳ್ಳೆಯ ಪ್ರತಿಯಿಂದ ನಕಲು ಮಾಡಿಸಿ, ಆಮೇಲೆ ಕೆಟ್ಟದ್ದನ್ನು ಅಳಿಸುತ್ತದೆ. ಆ ಕ್ರಮ ಮುಖ್ಯ.

ಪ್ರತಿಗಳನ್ನು ಎಲ್ಲಿಡುತ್ತಾರೆ ಅನ್ನುವುದು ಸಾಮಾನ್ಯ ಪ್ರಶ್ನೆ. ಕ್ಲೈಂಟ್ ಡೇಟಾನೋಡ್ ಮೇಲೆಯೇ ಓಡುತ್ತಿದ್ದರೆ ಮೊದಲನೆಯದು ಅಲ್ಲೇ, ಇಲ್ಲದಿದ್ದರೆ ಯಾವುದೋ ಒಂದರಲ್ಲಿ. ಎರಡನೆಯದು ಬೇರೆ ರ‍್ಯಾಕ್‌ನಲ್ಲಿ. ಮೂರನೆಯದು ಎರಡನೆಯದರ ರ‍್ಯಾಕ್‌ನಲ್ಲೇ, ಬೇರೆ ಮಷೀನ್‌ನಲ್ಲಿ. ರ‍್ಯಾಕ್‌ನಿಂದ ರ‍್ಯಾಕ್‌ಗೆ ಡೇಟಾ ಒಂದೇ ಸಲ ದಾಟುತ್ತದೆ, ಒಂದು ರ‍್ಯಾಕ್ ಪೂರ್ತಿ ಹೋದರೂ ಡೇಟಾ ಉಳಿಯುತ್ತದೆ. ಯಾವುದು ಯಾವ ರ‍್ಯಾಕ್ ಅನ್ನುವುದು ಎಚ್‌ಡಿಎಫ್‌ಎಸ್‌ಗೆ ತಾನಾಗಿ ಗೊತ್ತಾಗುವುದಿಲ್ಲ, ಒಂದು ಸ್ಕ್ರಿಪ್ಟ್ ಬರೆದು ಹೇಳಬೇಕು.

ಚಿಕ್ಕ ಫೈಲ್‌ಗಳ ತೊಂದರೆಗೂ ಅಪ್ಪನೇ ಡೇಟಾ ಕೊಟ್ಟರು. ತೋಟದಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್‌ನಲ್ಲಿ (ಇಂಚಿನ ನೂರರಲ್ಲಿ ಒಂದು ಪಾಲು) ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು ಅನ್ನುವುದಂತೂ ಎಲ್ಲರಿಗೂ ಬೇಕು. ಆ ವರ್ಷಗಟ್ಟಲೆ ಲೆಕ್ಕವನ್ನು ದಿನಕ್ಕೊಂದು ಫೈಲ್ ಮಾಡಿ ಬೇಕಂತಲೇ ಕ್ಲಸ್ಟರ್‌ಗೆ ಹಾಕಿದೆ. ಎಫ್‌ಎಸ್‌ಸಿಕೆ ತೋರಿಸಿದ ಸರಾಸರಿ ಬ್ಲಾಕ್ ಗಾತ್ರ ಕೆಲವೇ ಬೈಟ್. ನೇಮ್‌ನೋಡ್‌ನ ರ‍್ಯಾಮ್‌ನಲ್ಲಿ ಒಂದು ಫೈಲ್‌ಗೆ, ಒಂದು ಬ್ಲಾಕ್‌ಗೆ ಸುಮಾರು 150 ಬೈಟ್ ಹಿಡಿಯುತ್ತದೆ ಅನ್ನುವುದು ರೂಢಿಯ ಅಂದಾಜು. ಒಂದು ಕೋಟಿ ಫೈಲ್, ಒಂದೊಂದಕ್ಕೆ ಒಂದು ಬ್ಲಾಕ್ ಅಂದರೆ ಸುಮಾರು 3 ಜಿಬಿ. ಆ ಫೈಲ್‌ಗಳು ಒಂದೊಂದು ಎಂಬಿ ಇವೆ ಅನ್ನಿ. ಅಷ್ಟೇ ಡೇಟಾವನ್ನು ದೊಡ್ಡ ಫೈಲ್‌ಗಳಾಗಿ ಒಟ್ಟುಗೂಡಿಸಿದರೆ ಸುಮಾರು 78 ಸಾವಿರ ಬ್ಲಾಕ್‌ನಲ್ಲಿ ಮುಗಿಯುತ್ತದೆ. ನಾನು ಸ್ಪಾರ್ಕ್‌ನಿಂದ ಮಳೆ ಲೆಕ್ಕವನ್ನೆಲ್ಲ ಒಂದೇ ಪಾರ್ಕೆ (ಕಾಲಂ ಪ್ರಕಾರ ಡೇಟಾ ಇಡುವ ಫಾರ್ಮ್ಯಾಟ್) ಫೈಲ್ ಮಾಡಿದೆ.

2017ರ ಕೊನೆಗೆ ಬಂದ ಹಡೂಪ್ 3ರ ಎರೇಷರ್ ಕೋಡಿಂಗ್ ಅನ್ನು ನಾಲ್ಕು ನೋಡ್‌ನಲ್ಲಿ ಸರಿಯಾಗಿ ಪರೀಕ್ಷಿಸಲು ಆಗುವುದಿಲ್ಲ, ಲೆಕ್ಕ ತಿಳಿದಿದ್ದರೆ ಸಾಕು. ಆರು ಪಾಲು ಡೇಟಾ, ಮೂರು ಪಾಲು ಪ್ಯಾರಿಟಿ, ಅಂದರೆ ಕಳೆದದ್ದನ್ನು ಮರಳಿ ಕಟ್ಟಲು ಲೆಕ್ಕ ಹಾಕಿಟ್ಟ ಹೆಚ್ಚುವರಿ ತುಂಡು. ಮೂರು ಪಟ್ಟು ಜಾಗದ ಬದಲು ಒಂದೂವರೆ ಪಟ್ಟು. ಒಂಬತ್ತರಲ್ಲಿ ಯಾವ ಮೂರು ಹೋದರೂ ಡೇಟಾ ವಾಪಸ್ ಸಿಗುತ್ತದೆ. ಆದರೆ ಹಾಗೆ ಮರಳಿ ಕಟ್ಟಲು ಸಿಪಿಯು, ನೆಟ್‌ವರ್ಕ್ ಎರಡೂ ಬೇಕು. ಹಾಗಾಗಿ ಅಪರೂಪಕ್ಕೆ ಓದುವ ಹಳೆಯ ಡೇಟಾಗೆ ಇದು ಒಳ್ಳೆಯದು.

ಕೊನೆಗೆ ಸಾಮಾನ್ಯವಾಗಿ ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಎಸ್‌3 ಬರುತ್ತದೆ, ಈಗ ತುಂಬಾ ಕಂಪನಿಗಳ ಡೇಟಾ ಅಲ್ಲೇ ಇರುವುದು. ಅದು ಆಬ್ಜೆಕ್ಟ್ ಸ್ಟೋರ್. ಅಲ್ಲಿ ಫೋಲ್ಡರ್ ಅನ್ನುವುದು ಹೆಸರಿನ ಒಂದು ಭಾಗ ಅಷ್ಟೇ. ಎಚ್‌ಡಿಎಫ್‌ಎಸ್‌ನಲ್ಲಿ ಫೋಲ್ಡರ್ ಹೆಸರು ಬದಲಿಸಿದರೆ ನೇಮ್‌ನೋಡ್‌ನ ಲೆಕ್ಕದಲ್ಲಿ ಒಂದು ತಿದ್ದುಪಡಿ, ಕ್ಷಣದಲ್ಲಿ ಮುಗಿಯುತ್ತದೆ. ಎಸ್‌3ಯ ಸಾಮಾನ್ಯ ಬಕೆಟ್‌ನಲ್ಲಿ (ಡೇಟಾ ಇಡುವ ಜಾಗ) ಪ್ರತಿಯೊಂದನ್ನೂ ಹೊಸ ಹೆಸರಿಗೆ ನಕಲು ಮಾಡಿ ಹಳೆಯದನ್ನು ಅಳಿಸಬೇಕು. ಬರೆದದ್ದು ಕೂಡಲೇ ಎಲ್ಲರಿಗೂ ಕಾಣುವ ಭರವಸೆ 2020ರ ಡಿಸೆಂಬರ್‌ನಿಂದ ಇದೆ, ಆದರೆ ಹೆಸರು ಬದಲಿಸುವ ಖರ್ಚು ಹಾಗೇ ಉಳಿದಿದೆ. ಸ್ಪಾರ್ಕ್ ಕೆಲಸ ಮುಗಿಸುವಾಗ ತಾತ್ಕಾಲಿಕ ಫೋಲ್ಡರ್‌ನಿಂದ ಕೊನೆಯ ಜಾಗಕ್ಕೆ ಹೆಸರು ಬದಲಿಸುವ ಹಳೆಯ ಪದ್ಧತಿ ಇಲ್ಲಿ ನಿಧಾನವಾಗುವುದು ಇದರಿಂದಲೇ. ಎಸ್‌3ಗಾಗಿಯೇ ಬೇರೆ ಕಮಿಟರ್‌ಗಳು (ಫಲಿತಾಂಶವನ್ನು ಕೊನೆಯ ಜಾಗಕ್ಕೆ ಸೇರಿಸುವ ಭಾಗಗಳು) ಬಂದವು. ಐಸ್‌ಬರ್ಗ್, ಡೆಲ್ಟಾದಂಥ ಟೇಬಲ್ ಫಾರ್ಮ್ಯಾಟ್‌ಗಳು ಯಾವ ಫೈಲ್ ಟೇಬಲ್‌ಗೆ ಸೇರಿದ್ದು ಅಂತ ತಮ್ಮದೇ ಪಟ್ಟಿ ಇಟ್ಟುಕೊಳ್ಳುತ್ತವೆ, ಫೋಲ್ಡರ್ ಹೆಸರು ಬದಲಿಸುವುದನ್ನು ನೆಚ್ಚಿಕೊಂಡಿಲ್ಲ. ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಅವರು ಕೊನೆಗೆ ಕೇಳಿದ್ದು ಇದನ್ನೇ, ನಾನು ಹೇಳಿದ್ದೂ ಇಷ್ಟನ್ನೇ.